ಮೊದಲು ಸ್ಪೀಕರ್ ಬೆನ್ನು ನೋಡಿ, ರಿಸೀವರ್ ಆಮೇಲೆ

"ಭಾವ, ಇದರಲ್ಲಿ 150 ವ್ಯಾಟ್ ಅಂತಿದೆ, ಸಾಕಲ್ವಾ?" ಎಂದು ಹೆಂಡತಿಯ ತಮ್ಮ ಒಂದು ರಿಸೀವರ್ (ಟಿವಿ, ಸಿನಿಮಾದ ಸದ್ದನ್ನು ಬಲಪಡಿಸಿ ಸ್ಪೀಕರ್‌ಗಳಿಗೆ ಹಂಚುವ ಹೋಮ್ ಥಿಯೇಟರ್ ಪೆಟ್ಟಿಗೆ) ಡಬ್ಬದ ಫೋಟೊ ಕಳಿಸಿದ. ಯಾವುದಕ್ಕೆ ಸಾಕು ಎಂದು ಕೇಳಿದೆ. ಸ್ಪೀಕರ್ ಹಿಂಬದಿಯ ಫೋಟೊ ಕಳಿಸು, ಸೋಫಾದಿಂದ ಸ್ಪೀಕರ್‌ಗೆ ಎಷ್ಟು ದೂರ ಅಂತ ಅಳೆದು ಹೇಳು ಎಂದೂ ಕೇಳಿದೆ. ಅವನಿಗೆ ಸ್ವಲ್ಪ ಬೇಜಾರಾಯಿತು. ಸುಮ್ನೆ ಹೌದು ಅಥವಾ ಇಲ್ಲ ಅಂದರೆ ಮುಗಿಯುತ್ತಿತ್ತಲ್ಲ ಎಂದು ಅವನಿಗೆ ಅನಿಸಿರಬೇಕು.

ಆದರೆ ಆ 150 ಎಂಬ ಸಂಖ್ಯೆಯಿಂದ ಏನೂ ಗೊತ್ತಾಗುವುದಿಲ್ಲ. ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿರುವುದು ಸಾಮಾನ್ಯವಾಗಿ ಹೀಗೆ ಅಳೆದದ್ದು: 6 ಓಮ್ ಲೋಡ್ (ಓಮ್ ಅಂದರೆ ಕರೆಂಟ್‌ಗೆ ಸ್ಪೀಕರ್ ಒಡ್ಡುವ ತಡೆ), 1 ಕಿಲೋಹರ್ಟ್ಜ್‌ನ ಒಂದೇ ಸ್ವರ, ಒಂದೇ ಚಾನೆಲ್ (ಅಂದರೆ ಒಂದೇ ಸ್ಪೀಕರ್‌ಗೆ ಹೋಗುವ ಸದ್ದು), ಡಿಸ್ಟಾರ್ಷನ್ (ಸದ್ದು ಕೆಡುವ ಪ್ರಮಾಣ) 10 ಶೇಕಡಾ. 10 ಶೇಕಡಾ ಡಿಸ್ಟಾರ್ಷನ್ ಅಂದರೆ ರಿಸೀವರ್ ಒಳಗೆ ಸದ್ದು ಬಲಪಡಿಸುವ ಆಂಪ್ಲಿಫೈಯರ್ ಆಗಲೇ ಒದ್ದಾಡುತ್ತಿದೆ ಎಂದರ್ಥ. ಅದೇ ರಿಸೀವರ್‌ನ ಮ್ಯಾನ್ಯುಯಲ್‌ನ ಕೊನೆಯ ಪುಟಗಳಿಗೆ ಹೋದರೆ ಇನ್ನೊಂದು ಸಾಲು ಸಿಗುತ್ತದೆ. 8 ಓಮ್, 20 ಹರ್ಟ್ಜ್‌ನಿಂದ 20 ಕಿಲೋಹರ್ಟ್ಜ್, ಎರಡು ಚಾನೆಲ್ ಒಟ್ಟಿಗೆ, ಡಿಸ್ಟಾರ್ಷನ್ 0.08 ಶೇಕಡಾ. ಅಲ್ಲಿ 80 ಅಥವಾ 90 ವ್ಯಾಟ್ ಎಂದು ಬರೆದಿರುತ್ತದೆ. ನಾನು ನಂಬುವುದು ಆ ಸಾಲನ್ನು ಮಾತ್ರ. ಎರಡು ರಿಸೀವರ್ ಹೋಲಿಸುವಾಗ ಎರಡರದ್ದೂ ಇದೇ ಸಾಲನ್ನು ಹುಡುಕಿ.

ಇದು ಹೊಸ ತಕರಾರೇನಲ್ಲ. ಆಂಪ್ಲಿಫೈಯರ್ ಕಂಪನಿಗಳು ಮನಸ್ಸಿಗೆ ಬಂದಷ್ಟು ವ್ಯಾಟ್ ಬರೆದುಕೊಳ್ಳುತ್ತಿದ್ದವೆಂದೇ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲಿ ಇದಕ್ಕೊಂದು ನಿಯಮ ತಂದಿತು. 2024ರಲ್ಲಿ ಅದನ್ನು ಮತ್ತೆ ತಿದ್ದಬೇಕಾಯಿತು. ಐವತ್ತು ವರ್ಷವಾದರೂ ಡಬ್ಬದ ದಪ್ಪ ಅಕ್ಷರ ಮಾತ್ರ ತೆಳ್ಳಗಾಗಿಲ್ಲ.

ಎರಡೇ ಚಾನೆಲ್ ಓಡುವಾಗ ಒಂದೊಂದಕ್ಕೂ 90 ವ್ಯಾಟ್ ಕೊಡುವ ರಿಸೀವರ್ ಏಳೂ ಚಾನೆಲ್ ಒಟ್ಟಿಗೆ ಓಡಿದಾಗ ಅಷ್ಟು ಕೊಡುವುದಿಲ್ಲ. ಒಳಗಿರುವುದು ಒಂದೇ ಪವರ್ ಸಪ್ಲೈ. ಒಂದೇ ಟ್ಯಾಂಕಿನ ನೀರು ಏಳು ನಲ್ಲಿಗೆ ಹಂಚಿದ ಹಾಗೆ. ಆದರೆ ಇದರ ಬಗ್ಗೆ ಜನ ಸ್ವಲ್ಪ ಜಾಸ್ತಿಯೇ ತಲೆ ಕೆಡಿಸಿಕೊಳ್ಳುತ್ತಾರೆ ಎಂದು ನನ್ನ ಅಭಿಪ್ರಾಯ. ಸಿನಿಮಾದಲ್ಲಿ ಏಳು ಸ್ಪೀಕರ್‌ಗಳೂ ಒಂದೇ ಕ್ಷಣದಲ್ಲಿ ಪೂರ್ತಿ ಜೋರಾಗಿ ಕೂಗುವುದು ಅಪರೂಪ. ಹೆಚ್ಚು ಕೆಲಸ ನಮ್ಮೆದುರಿನ ಮೂರರದ್ದು, ಅಂದರೆ ಎಡ, ಬಲ ಮತ್ತು ನಡುವಿನ ಸೆಂಟರ್. ಆಳದ ಬೇಸ್ ಸದ್ದಿಗೆಂದೇ ಇರುವ ಸಬ್‌ವೂಫರ್‌ಗೆ ಬಹುತೇಕ ಅದರದ್ದೇ ಆಂಪ್ಲಿಫೈಯರ್ ಇರುತ್ತದೆ.

ಈಗ ಸ್ಪೀಕರ್ ಬೆನ್ನಿಗೆ ಬರೋಣ. ಅಲ್ಲಿ ಅಥವಾ ಮ್ಯಾನ್ಯುಯಲ್‌ನಲ್ಲಿ ಸೆನ್ಸಿಟಿವಿಟಿ ಎಂಬ ಒಂದು ಸಂಖ್ಯೆ ಇರುತ್ತದೆ. 2.83 ವೋಲ್ಟ್ ಕೊಟ್ಟು 1 ಮೀಟರ್ ದೂರದಲ್ಲಿ ಅಳೆದರೆ ಎಷ್ಟು ಡೆಸಿಬೆಲ್ (ಡಿಬಿ) ಸದ್ದು ಬರುತ್ತದೆ ಎಂಬ ಲೆಕ್ಕ ಅದು. 8 ಓಮ್ ಸ್ಪೀಕರ್‌ಗೆ 2.83 ವೋಲ್ಟ್ ಅಂದರೆ ಸರಿಯಾಗಿ 1 ವ್ಯಾಟ್. 4 ಓಮ್ ಸ್ಪೀಕರ್ ಅದೇ ವೋಲ್ಟೇಜ್‌ಗೆ 2 ವ್ಯಾಟ್ ಕುಡಿಯುತ್ತದೆ. ಹಾಗಾಗಿ 4 ಓಮ್ ಸ್ಪೀಕರ್‌ನ ಮೇಲೆ 90 ಡಿಬಿ ಎಂದು ಕಂಡರೆ ಮನಸ್ಸಿನಲ್ಲೇ 3 ಕಳೆದುಕೊಳ್ಳಿ.

ನನ್ನ ಎಡ, ಬಲದ ಜೋಡಿ ಟವರ್ ಸ್ಪೀಕರ್‌ಗಳು (ನೆಲದ ಮೇಲೆ ನಿಲ್ಲುವ ಎತ್ತರದವು) 87 ಡಿಬಿ, 8 ಓಮ್. ಸೋಫಾ ಮೂರು ಮೀಟರ್‌ಗಿಂತ ಸ್ವಲ್ಪ ದೂರ. ದೂರ ಎರಡರಷ್ಟಾದಾಗೆಲ್ಲ ಬಯಲಿನಲ್ಲಿ 6 ಡಿಬಿ ಕಡಿಮೆಯಾಗುತ್ತದೆ. ನನ್ನ ದೂರಕ್ಕೆ ಸುಮಾರು 10 ಡಿಬಿ ಹೋಯಿತು. ಅಂದರೆ 1 ವ್ಯಾಟ್‌ಗೆ ನನ್ನ ಕಿವಿಗೆ ಬರುವುದು 77 ಡಿಬಿ. ಸಿನಿಮಾ ಥಿಯೇಟರ್‌ಗೆ ನಿಗದಿಯಾದ ಜೋರು, ಅಂದರೆ ರೆಫರೆನ್ಸ್ ಮಟ್ಟದಲ್ಲಿ ಒಂದೊಂದು ಮುಖ್ಯ ಸ್ಪೀಕರ್ 105 ಡಿಬಿವರೆಗೆ ಹಾರಬೇಕು. ನಡುವಿನ ಅಂತರ 28 ಡಿಬಿ. ಪ್ರತಿ 10 ಡಿಬಿಗೆ ಹತ್ತು ಪಟ್ಟು ವ್ಯಾಟ್, ಪ್ರತಿ 3 ಡಿಬಿಗೆ ಎರಡು ಪಟ್ಟು. ಲೆಕ್ಕ ಹಾಕಿದರೆ 630 ವ್ಯಾಟ್ ಬರುತ್ತದೆ! ಯಾವ ರಿಸೀವರ್ ಕೊಡುತ್ತದೆ ಇಷ್ಟು?

ಗಾಬರಿ ಬೇಡ. ಮನೆಯಲ್ಲಿ ಯಾರೂ ಆ ಮಟ್ಟದಲ್ಲಿ ಕೂತು ನೋಡುವುದಿಲ್ಲ. ಅಳತೆ ಮಾಡಿ ಸೆಟ್ ಮಾಡಿದ ರಿಸೀವರ್‌ನಲ್ಲಿ ವಾಲ್ಯೂಮ್ 0 ಎಂದರೆ ಆ ರೆಫರೆನ್ಸ್ ಮಟ್ಟ. ನಾನು ನೋಡುವುದು ಮೈನಸ್ 20ರಿಂದ ಮೈನಸ್ 15ರ ನಡುವೆ. ಮನೆಯಲ್ಲಿ ಯಾರೂ ಇಲ್ಲದಾಗ ಮೈನಸ್ 10. ಮೈನಸ್ 10ಕ್ಕೆ 630 ಹೋಗಿ 63 ವ್ಯಾಟ್ ಆಯಿತು. ಮೈನಸ್ 20ಕ್ಕೆ ಬರೀ 6 ವ್ಯಾಟ್ ಚಿಲ್ಲರೆ. ಅದೂ ಸದ್ದು ನೆತ್ತಿಗೇರುವ ಕ್ಷಣಗಳಲ್ಲಿ ಮಾತ್ರ. ಗೋಡೆಗಳಿಂದ ವಾಪಸ್ ಬರುವ ಸದ್ದೂ ಸೇರುವುದರಿಂದ ನಿಜವಾಗಿ ಬೇಕಾಗುವುದು ಇನ್ನೂ ಕಡಿಮೆ.

ಭಾಮೈದನ ಸ್ಪೀಕರ್ 91 ಡಿಬಿ, 8 ಓಮ್. ಅವನ ರೂಮು ಚಿಕ್ಕದು, ಸೋಫಾ 2 ಮೀಟರ್ ದೂರದಲ್ಲಿದೆ. ಅವನಿಗೆ ಮೈನಸ್ 10ರಲ್ಲಿ ಬೇಕಾಗುವುದು 10 ವ್ಯಾಟ್. ನನಗೆ 63, ಅವನಿಗೆ 10! ಇಬ್ಬರ ಕಿವಿಗೂ ಬೀಳುವ ಸದ್ದು ಅಷ್ಟೇ. 150 ಸಾಕಲ್ವಾ ಎಂಬ ಪ್ರಶ್ನೆಗೆ ಉತ್ತರ ಅವನ ಸೋಫಾದ ಬಳಿಯೇ ಇತ್ತು. ಅವನಿಗೆ ಆ ಸರಣಿಯ ಅತಿ ಚಿಕ್ಕ ರಿಸೀವರ್ ಕೂಡ ಧಾರಾಳ.

ಇದೇ ಕಾರಣಕ್ಕೆ 100 ವ್ಯಾಟ್‌ನದ್ದೋ 120 ವ್ಯಾಟ್‌ನದ್ದೋ ಎಂದು ಗಂಟೆಗಟ್ಟಲೆ ಯೋಚಿಸುವವರನ್ನು ಕಂಡರೆ ನನಗೆ ನಗು ಬರುತ್ತದೆ. ವ್ಯತ್ಯಾಸ 0.8 ಡಿಬಿ. ಸಿನಿಮಾ ನಡೆಯುವಾಗ ನಿಮಗದು ಗೊತ್ತೂ ಆಗುವುದಿಲ್ಲ. ಸೋಫಾವನ್ನು ಅರ್ಧ ಮೀಟರ್ ಮುಂದೆ ಎಳೆದರೆ ಅದಕ್ಕಿಂತ ಜಾಸ್ತಿ ಸಿಗುತ್ತದೆ.

ವ್ಯಾಟ್‌ಗಿಂತ ನಾನು ಹೆದರುವುದು ಓಮ್‌ಗೆ. ಸ್ಪೀಕರ್ ಹಿಂದೆ 8 ಓಮ್ ಎಂದು ಅಚ್ಚಾಗಿದ್ದರೂ ಅದು ಎಲ್ಲ ಸ್ವರಕ್ಕೂ 8 ಓಮ್ ಅಲ್ಲ. ಒಂದು ಕಡೆ 20ಕ್ಕೆ ಏರುತ್ತದೆ, ಇನ್ನೊಂದು ಕಡೆ 4ಕ್ಕೆ ಬೀಳುತ್ತದೆ. ಐಇಸಿ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಮಾನದಂಡದ ಪ್ರಕಾರ ಬರೆದ ಸಂಖ್ಯೆಯ 80 ಶೇಕಡಾಗಿಂತ ಕೆಳಗೆ ಇಳಿಯಬಾರದು. 8 ಎಂದು ಬರೆಯಬೇಕಾದರೆ ಕನಿಷ್ಠ 6.4 ಇರಬೇಕು. ಎಷ್ಟೋ ಸ್ಪೀಕರ್‌ಗಳು ಇದನ್ನು ಪಾಲಿಸುವುದಿಲ್ಲ. ನನ್ನವೂ ಅದೇ ಜಾತಿ. ಅಳತೆ ಮಾಡಿದ ಗ್ರಾಫ್ ನೋಡಿದರೆ 120 ಹರ್ಟ್ಜ್ ಆಸುಪಾಸಿನಲ್ಲಿ 4 ಓಮ್‌ಗೆ ಇಳಿದಿದೆ.

ಇಳಿದರೆ ಏನಾಗುತ್ತದೆ? ರಿಸೀವರ್ 20 ವೋಲ್ಟ್ ಕೊಡುತ್ತಿದೆ ಎಂದುಕೊಳ್ಳಿ. 8 ಓಮ್‌ಗೆ ಹರಿಯುವ ಕರೆಂಟ್ 2.5 ಆಂಪಿಯರ್. 4 ಓಮ್‌ಗೆ 5 ಆಂಪಿಯರ್. ವಾಲ್ಯೂಮ್ ಮುಟ್ಟದೆಯೇ ಕೆಲಸ ಎರಡರಷ್ಟಾಯಿತು. ರಿಸೀವರ್ ಬಿಸಿಯಾಗುತ್ತದೆ. ಜೋರು ದೃಶ್ಯದಲ್ಲಿ ತನ್ನನ್ನು ಉಳಿಸಿಕೊಳ್ಳಲು ತಾನೇ ಆಫ್ ಆಗಲೂಬಹುದು. ಅದಕ್ಕೇ ಸ್ಪೆಕ್ ಶೀಟ್‌ನಲ್ಲಿ 4 ಓಮ್ ಸ್ಪೀಕರ್ ಹಾಕಬಹುದು ಎಂದು ಕಂಪನಿಯೇ ಸ್ಪಷ್ಟವಾಗಿ ಬರೆದಿದೆಯೇ ಎಂದು ನೋಡುತ್ತೇನೆ. ಬರೆದಿಲ್ಲದಿದ್ದರೆ ನನ್ನ ಸ್ಪೀಕರ್‌ಗಂತೂ ಅದು ಬೇಡ.

ಸಬ್‌ವೂಫರ್ ಇದ್ದರೆ ಈ ಭಾರ ಸ್ವಲ್ಪ ಇಳಿಯುತ್ತದೆ. ಕ್ರಾಸ್‌ಓವರ್ 80 ಹರ್ಟ್ಜ್‌ಗೆ ಇಟ್ಟರೆ ಅದಕ್ಕಿಂತ ಕೆಳಗಿನ ಸ್ವರಗಳೆಲ್ಲ ಸಬ್‌ಗೆ ಹೋಗುತ್ತವೆ. ರಿಸೀವರ್‌ನ ಸುಸ್ತು ಕಡಿಮೆ. ಆದರೆ ಓಮ್ ಬೀಳುವ ಜಾಗ ನನ್ನ ಹಾಗೆ 80ಕ್ಕಿಂತ ಮೇಲಿದ್ದರೆ ಅಲ್ಲಿ ಸಬ್ ಏನೂ ಸಹಾಯ ಮಾಡುವುದಿಲ್ಲ. ಯಾವ ಸ್ವರಕ್ಕೆ ಎಷ್ಟು ಓಮ್ ಎಂದು ತೋರಿಸುವ ಸ್ಪೀಕರ್‌ನ ಇಂಪೀಡೆನ್ಸ್ ಗ್ರಾಫ್ ಎಲ್ಲಾದರೂ ಸಿಕ್ಕರೆ ಒಮ್ಮೆ ನೋಡಿ ಎನ್ನುವುದು ಇದಕ್ಕೇ. ತುಂಬಾ ಜನ ನೋಡುವುದೇ ಇಲ್ಲ.

ಕೆಲವು ರಿಸೀವರ್‌ಗಳ ಮೆನುವಿನಲ್ಲಿ 4, 6, 8 ಓಮ್ ಎಂಬ ಆಯ್ಕೆ ಇರುತ್ತದೆ. ಅದನ್ನು ಬದಲಿಸಿದರೆ ರಿಸೀವರ್ ಸ್ಪೀಕರ್‌ಗೆ ಹೊಂದಿಕೊಂಡುಬಿಡುತ್ತದೆ ಎಂದು ಕೆಲವರು ತಿಳಿದಿರುತ್ತಾರೆ. ಸಾಮಾನ್ಯವಾಗಿ ಅದು ಮಾಡುವುದು ಇಷ್ಟೇ: ಬಿಸಿ ಮಿತಿಯೊಳಗೆ ಇರಲಿ ಎಂದು ಪವರ್ ಕಡಿಮೆ ಮಾಡುತ್ತದೆ. ದುರ್ಬಲ ರಿಸೀವರ್ ಇದರಿಂದ ಗಟ್ಟಿಯಾಗುವುದಿಲ್ಲ.

ಸ್ಪೀಕರ್ ಹಿಂದೆ "20–150 ವ್ಯಾಟ್" ಎಂದೂ ಬರೆದಿರುತ್ತದಲ್ವಾ? 150 ಇದೆ ಎಂದು 150 ಕೊಡುವ ರಿಸೀವರ್ ಹುಡುಕಬೇಕಿಲ್ಲ. ಅದು ಸ್ಪೀಕರ್ ತಡೆದುಕೊಳ್ಳುವ ಮಿತಿ. ಜಾಸ್ತಿ ವ್ಯಾಟ್ ಇರುವ ರಿಸೀವರ್ ಹಾಕಿದರೆ ಸ್ಪೀಕರ್ ಸುಟ್ಟುಹೋಗುತ್ತದೆ ಎಂಬ ಹೆದರಿಕೆಯೂ ಬೇಡ. ಎಷ್ಟು ಹೋಗಬೇಕು ಎಂದು ನಿರ್ಧರಿಸುವುದು ವಾಲ್ಯೂಮ್ ತಿರುಗಿಸುವ ಕೈ. ಚಿಕ್ಕ ರಿಸೀವರನ್ನು ಅದರ ಶಕ್ತಿ ಮೀರಿ ಕೂಗಿಸಿದರೆ ಸದ್ದಿನ ಅಲೆಯ ತಲೆ ಕತ್ತರಿಸಿಹೋಗಿ ಟ್ವೀಟರ್‌ಗೆ, ಅಂದರೆ ಸ್ಪೀಕರ್‌ನಲ್ಲಿ ಕೀರಲು ಸ್ವರ ನುಡಿಸುವ ಚಿಕ್ಕ ಭಾಗಕ್ಕೆ, ಅಪಾಯ. ಸದ್ದು ಕರ್ಕಶವಾದ ತಕ್ಷಣ ಇಳಿಸಿದರೆ ಆಯಿತು.

"ಈ ಬ್ರಾಂಡ್ ರಿಸೀವರ್ ಮೃದು, ಆ ಬ್ರಾಂಡ್ ಚೂಪು, ಚೂಪು ಸ್ಪೀಕರ್‌ಗೆ ಮೃದು ರಿಸೀವರ್ ಜೋಡಿ" ಎಂಬ ಮಾತು ಬಹಳ ಓಡಾಡುತ್ತದೆ. ನಾನದನ್ನು ನಂಬುವುದಿಲ್ಲ. ಶಕ್ತಿಯ ಮಿತಿಯೊಳಗೆ ಇದ್ದಾಗ ಇವತ್ತಿನ ಒಳ್ಳೆಯ ರಿಸೀವರ್‌ಗಳ ಆಂಪ್ಲಿಫೈಯರ್ ಬಹುತೇಕ ಒಂದೇ ಥರ ಕೇಳಿಸುತ್ತದೆ. ಅಂಗಡಿಯಲ್ಲಿ ಒಂದಕ್ಕಿಂತ ಇನ್ನೊಂದು ಚೆನ್ನಾಗಿ ಕೇಳಿಸಿದರೆ ಅದು ಒಂದು ಡಿಬಿ ಜೋರಾಗಿ ಓಡುತ್ತಿರಬಹುದು. ಜೋರಾದದ್ದು ಚೆನ್ನಾಗಿದೆ ಎಂದೇ ನಮ್ಮ ಕಿವಿಗೆ ಅನಿಸುತ್ತದೆ.

ನಿಜವಾದ ವ್ಯತ್ಯಾಸ ಇರುವುದು ರೂಮ್ ಕರೆಕ್ಷನ್‌ನಲ್ಲಿ. ಮೈಕ್ ಇಟ್ಟು ಅಳೆದು, ರೂಮಿನಿಂದಾಗಿ ಉಬ್ಬಿದ ಬೇಸ್ ತಗ್ಗಿಸಿ, ಪ್ರತಿ ಸ್ಪೀಕರ್‌ನ ದೂರ ಮತ್ತು ಮಟ್ಟ ಹೊಂದಿಸುವ ವ್ಯವಸ್ಥೆ ಇದು. ಡೆನಾನ್, ಮರಾಂಟ್ಜ್‌ಗಳಲ್ಲಿ ಆಡಿಸ್ಸಿ. ಯಮಾಹಾದಲ್ಲಿ ವೈಪಿಎಓ. ಆಂಥೆಮ್‌ನಲ್ಲಿ ಎಆರ್‌ಸಿ. ಇನ್ನು ಕೆಲವು ಬ್ರಾಂಡ್‌ಗಳಲ್ಲಿ ಡಿರಾಕ್ ಲೈವ್. ಒಂದೇ ಹೆಸರಿನಲ್ಲೂ ಮಟ್ಟಗಳಿವೆ. ಅಗ್ಗದ ಮಾಡೆಲ್‌ನ ಆಡಿಸ್ಸಿಗೂ ಎಕ್ಸ್‌ಟಿ32 ಎಂಬ ಮೇಲ್ಮಟ್ಟದ ಆಡಿಸ್ಸಿಗೂ ತುಂಬಾ ಅಂತರ, ಅದರಲ್ಲೂ ಬೇಸ್ ವಿಷಯದಲ್ಲಿ. ವ್ಯಾಟ್‌ಗೆ ಹಾಕಬೇಕೆಂದಿದ್ದ ದುಡ್ಡನ್ನು ಇಲ್ಲಿ ಹಾಕು ಎಂದೇ ಭಾಮೈದನಿಗೆ ಹೇಳಿದ್ದು. ಅಳತೆ ಮುಗಿದ ಮೇಲೆ ಒಂದು ಕೆಲಸ ಮರೆಯಬೇಡಿ. ದೊಡ್ಡ ಸ್ಪೀಕರ್ ಕಂಡರೆ ರಿಸೀವರ್ ಅದನ್ನು "ಲಾರ್ಜ್" ಎಂದು ಗುರುತಿಸಿ ಬೇಸ್ ಎಲ್ಲವನ್ನೂ ಅದಕ್ಕೇ ಕಳಿಸಿಬಿಡುತ್ತದೆ. ಸಬ್ ಇದ್ದರೆ ನೀವೇ ಹೋಗಿ "ಸ್ಮಾಲ್" ಮಾಡಿ, ಕ್ರಾಸ್‌ಓವರ್ 80 ಹರ್ಟ್ಜ್‌ಗೆ ಇಡಿ.

ನಮ್ಮ ಅಪ್ಪನಿಗೆ ಕಿವಿ ಸ್ವಲ್ಪ ಮಂದ. ಸಂಭಾಷಣೆ ಸರಿಯಾಗಿ ಕೇಳದಿದ್ದರೆ ರಿಮೋಟ್ ಅವರ ಕೈಗೆ ಹೋಗುತ್ತದೆ, ಆಮೇಲೆ ಬಾಂಬ್ ಸಿಡಿದಾಗ ಮನೆಯೇ ನಡುಗುತ್ತದೆ. ಮಾತು ಬಹುಪಾಲು ಬರುವುದು ಸೆಂಟರ್ ಸ್ಪೀಕರ್‌ನಿಂದ. ಅದು ಮುಂದಿನ ಜೋಡಿಯ ಮನೆತನದ್ದೇ ಆಗಿರಲಿ, ಅಂದರೆ ಅದೇ ಕಂಪನಿಯ ಅದೇ ಸರಣಿಯದು. ಕಿವಿಯ ಕಡೆಗೆ ಸ್ವಲ್ಪ ಮೇಲ್ಮುಖವಾಗಿ ಓರೆ ಮಾಡಿ ಇಡಿ. ನಮ್ಮಲ್ಲಿ ಸೆಂಟರ್‌ನ ಮಟ್ಟ 2 ಡಿಬಿ ಏರಿಸಿದ ಮೇಲೆ ರಿಮೋಟ್ ಜಗಳ ನಿಂತಿದೆ. ಸೆಂಟರ್‌ನ ಓಮ್ ಕೂಡ ನೋಡಬೇಕು. ಎಷ್ಟೋ ಸರಣಿಗಳಲ್ಲಿ ಟವರ್‌ಗಿಂತ ಸೆಂಟರ್‌ಗೇ ಕಡಿಮೆ ಓಮ್.

ಚಾನೆಲ್ ಎಷ್ಟು? ಐದು ಸ್ಪೀಕರ್, ಒಂದು ಸಬ್ ಇದ್ದವರೂ ಏಳು ಚಾನೆಲ್‌ನದ್ದು ತೆಗೆದುಕೊಂಡರೆ ಮುಂದೆ ಆಟ್ಮೋಸ್‌ಗೆ, ಅಂದರೆ ತಲೆ ಮೇಲಿಂದಲೂ ಸದ್ದು ಬರುವ ವ್ಯವಸ್ಥೆಗೆ, ಮೇಲೆ ಎರಡು ಸ್ಪೀಕರ್ ಹಾಕಬಹುದು. ಅದಕ್ಕಿಂತ ಮೇಲೆ ಹೋಗುವಾಗ ಒಂದು ಸೂಕ್ಷ್ಮವಿದೆ. ಕೆಲವು ರಿಸೀವರ್ 11 ಚಾನೆಲ್ ಸಂಸ್ಕರಿಸುತ್ತವೆ, ಆದರೆ ಆಂಪ್ಲಿಫೈಯರ್ ಇರುವುದು 9ಕ್ಕೆ. ಉಳಿದ ಎರಡಕ್ಕೆ ಹೊರಗಿನ ಆಂಪ್ಲಿಫೈಯರ್ ಬೇಕು. ಎಚ್‌ಡಿಎಂಐ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಟಿವಿಯ ಸದ್ದು ವಾಪಸ್ ತರಲು ಇ-ಆರ್ಕ್ ಇರಲಿ. ಗೇಮ್ ಆಡುವವರಿದ್ದರೆ 4ಕೆ 120 (ಸೆಕೆಂಡಿಗೆ 120 ಫ್ರೇಮ್‌ನ 4ಕೆ ಚಿತ್ರ) ಇರಲಿ. ಅಷ್ಟು ಸಾಕು.

ನಾನು ಕೊನೆಗೆ ತಂದದ್ದು 4 ಓಮ್‌ಗೆ ಒಪ್ಪಿಗೆ ಇರುವ, 90 ವ್ಯಾಟ್‌ನ, ಪ್ರೀ-ಔಟ್ ಇರುವ ಒಂದು ಏಳು ಚಾನೆಲ್ ರಿಸೀವರ್. ಪ್ರೀ-ಔಟ್ ಇದ್ದರೆ ಮುಂದೆ ದೊಡ್ಡ ರೂಮಿಗೆ ಹೋದಾಗ ಮುಂದಿನ ಮೂರು ಸ್ಪೀಕರ್‌ಗೆ ಬೇರೆ ಪವರ್ ಆಂಪ್ಲಿಫೈಯರ್ ಜೋಡಿಸಬಹುದು. ರಿಸೀವರ್ ಬದಲಿಸಬೇಕಿಲ್ಲ. ಸದ್ಯಕ್ಕೆ ಮೈನಸ್ 10ರಲ್ಲೂ ಅದರ ಅಗತ್ಯ ಕಂಡಿಲ್ಲ.

ಇಡುವಾಗ ಮೇಲೆ ಒಂದು ಗೇಣಾದರೂ ಖಾಲಿ ಜಾಗ ಬಿಡಿ. ಬಾಗಿಲಿರುವ ಕಪಾಟಿನೊಳಗೆ ತುರುಕಬೇಡಿ, ಮೇಲೆ ಸೆಟ್‌ಟಾಪ್ ಬಾಕ್ಸ್ ಕೂರಿಸಬೇಡಿ. ವೈರ್ 16 ಗೇಜ್ ಸಾಕಾಗುತ್ತದೆ, 4 ಓಮ್ ಸ್ಪೀಕರ್ ದೂರದಲ್ಲಿದ್ದರೆ 14 ಅಥವಾ 12 (ಸಂಖ್ಯೆ ಕಡಿಮೆಯಾದಷ್ಟೂ ವೈರ್ ದಪ್ಪ). ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ತುದಿಯ ಎಳೆಗಳನ್ನು ಬಿಗಿಯಾಗಿ ಹೊಸೆದು ಸಿಕ್ಕಿಸಿ, ಇಲ್ಲವೇ ಬನಾನಾ ಪ್ಲಗ್ ಹಾಕಿ. ತಾಮ್ರದ ಒಂದೇ ಒಂದು ಎಳೆ ಪಕ್ಕದ ಟರ್ಮಿನಲ್‌ಗೆ ತಾಗಿದರೂ ರಿಸೀವರ್ ಪ್ರೊಟೆಕ್ಷನ್‌ಗೆ ಹೋಗಿ ಆಫ್ ಆಗುತ್ತದೆ. ಹಾಗಾದರೆ ಸರ್ವಿಸ್ ಸೆಂಟರ್‌ಗೆ ಫೋನ್ ಮಾಡುವ ಮೊದಲು ಕರೆಂಟ್ ಪ್ಲಗ್ ಕಿತ್ತು, ಟಾರ್ಚ್ ಹಿಡಿದು ಹಿಂಬದಿ ನೋಡಿ.