ಮಳೆಗೆ ಮುಂಚೆ ಹೊನ್ನೆಮರಡು: ದೋಣಿ ಸೀಸನ್ ಮುಗಿಯುವ ಹೊತ್ತಿಗೆ ಹೋಗುವವರಿಗೆ

ಹೊನ್ನೆಮರಡಿಗೆ ಯಾವಾಗ ಹೋಗಬೇಕು ಅಂತ ಕೇಳಿದರೆ ಹೆಚ್ಚಿನವರು ಮಳೆಗಾಲ ಮುಗಿದ ಮೇಲೆ ಹೋಗಿ, ಹಿನ್ನೀರು ತುಂಬಿರುತ್ತದೆ ಅನ್ನುತ್ತಾರೆ. ನಾನು ಮೇ ಕೊನೆ ಅನ್ನುತ್ತೇನೆ. ಆಗ ನೀರು ಕಡಿಮೆ, ಸೆಕೆ ಜಾಸ್ತಿ, ಮಳೆ ಯಾವತ್ತು ಶುರುವಾಗುತ್ತದೋ ಹೇಳಲಾಗದು. ಆದರೂ ಶರಾವತಿ ಹಿನ್ನೀರು ಏನು ಅಂತ ಸರಿಯಾಗಿ ಗೊತ್ತಾಗುವುದು ಆಗಲೇ. ನಾವು ಈ ಸಲ ಹೋದದ್ದು ದೋಣಿಗಳನ್ನು ದಡಕ್ಕೆ ಎಳೆದು ಕವುಚಿ ಹಾಕುವ ಕೆಲಸ ಶುರುವಾಗುವ ಮುಂಚೆ. ಅದೇ ಹೊತ್ತಿಗೆ ಹೋಗಬೇಕು ಅಂದುಕೊಂಡವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಹೊನ್ನೆಮರಡು ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಒಂದು ಸಣ್ಣ ಊರು. ಎದುರಿಗಿರುವುದು ಲಿಂಗನಮಕ್ಕಿ ಜಲಾಶಯದ ಹಿನ್ನೀರು. ಅಣೆಕಟ್ಟೆ ಪೂರ್ತಿಯಾದದ್ದು 1964ರಲ್ಲಿ. ತುಂಬಿದಾಗ ನೀರಿನ ಮಟ್ಟ ಸಮುದ್ರ ಮಟ್ಟದಿಂದ 1,819 ಅಡಿ. ಈ ನೀರು ಇರುವುದು ಮುಖ್ಯವಾಗಿ ಕರೆಂಟಿಗೆ. ಶರಾವತಿ ವಿದ್ಯುದಾಗಾರ ಒಂದರ ಸಾಮರ್ಥ್ಯವೇ 1,035 ಮೆಗಾವಾಟ್. ಹಾಗಾಗಿ ಮಳೆ ನಿಂತ ಮೇಲೆ ನೀರು ಇಳಿಯುತ್ತಲೇ ಹೋಗುತ್ತದೆ, ಮೇ ಕೊನೆಗೆ ದಡ ಎಲ್ಲೋ ದೂರ ಸರಿದಿರುತ್ತದೆ. ಇಲ್ಲಿ ಸೀಸನ್ ಇಂಥ ತಾರೀಕಿಗೆ ಮುಗಿಯಿತು ಅಂತ ಹೇಳುವ ಹಾಗಿಲ್ಲ. ಕೆಲವು ವರ್ಷ ನೀರು ಸಾಲದೆ ಮುಗಿಯುತ್ತದೆ, ಕೆಲವು ವರ್ಷ ಮಳೆ ಬೇಗ ಬಂದು ಮುಗಿಯುತ್ತದೆ.

ಹೊರಡುವ ಮುಂಚೆ ಎರಡು ವಿಷಯ ನೋಡಿಕೊಳ್ಳಿ. ಪತ್ರಿಕೆಗಳಲ್ಲಿ ಬರುವ ಜಲಾಶಯಗಳ ಮಟ್ಟದ ಪಟ್ಟಿಯಲ್ಲಿ ಲಿಂಗನಮಕ್ಕಿ ಎಷ್ಟಿದೆ ಅನ್ನುವುದು ಮೊದಲನೆಯದು. ಇದೇ ಹಿನ್ನೀರಿನಲ್ಲಿ ಜನ, ವಾಹನ ದಾಟಿಸುವ ಹಸಿರುಮಕ್ಕಿ ಲಾಂಚ್ ನಿಂತಿದೆ ಅನ್ನುವ ಸುದ್ದಿ ಬಂದಿದೆಯೇ ಅನ್ನುವುದು ಎರಡನೆಯದು. ಆ ಸುದ್ದಿ ಬಂತು ಅಂದರೆ ನೀರು ತುಂಬಾ ಇಳಿದಿದೆ ಎಂದೇ ಅರ್ಥ. ದೋಣಿ ನಡೆಸುವವರಿಗೆ ಮೊದಲೇ ಫೋನ್ ಮಾಡಿ. ಅನುಮತಿ ಇದೆಯೇ, ಯಾವ ದೋಣಿ ಇಳಿಸುತ್ತಾರೆ, ಊಟ ಸಿಗುತ್ತದೆಯೇ, ಎಲ್ಲ ಕೇಳಿಕೊಳ್ಳಿ. ಹೇಳದೆ ಕೇಳದೆ ಹೋಗಿ ದಡದಲ್ಲಿ ನಿಂತರೆ ಏನೂ ಸಿಗದು.

ಬೆಂಗಳೂರಿನಿಂದ ಹೋಗುವವರಿಗೆ ರಾತ್ರಿ ರೈಲೇ ಒಳ್ಳೆಯದು. ಮೈಸೂರಿನಿಂದ ಬೆಂಗಳೂರಿನ ಮೇಲೆ ಬರುವ ರೈಲು ಬೆಳಿಗ್ಗೆ ತಾಳಗುಪ್ಪ ಮುಟ್ಟುತ್ತದೆ. ಹಳಿ ಮುಗಿಯುವುದೇ ಅಲ್ಲಿ. ಅಲ್ಲಿಂದ ಆಟೊ ಅಥವಾ ಜೀಪು ಮಾಡಿಕೊಳ್ಳಬೇಕು. ವಾಪಸ್ ಬರುವ ಗಾಡಿಯನ್ನೂ ಆಗಲೇ ಮಾತಾಡಿಕೊಳ್ಳಿ. ಮೊಬೈಲ್ ಸಿಗ್ನಲ್ ನಂಬಿಕೊಂಡು ಕೂರಬೇಡಿ. ನಗದು ಹಣ ಸಾಗರದಲ್ಲೋ ತಾಳಗುಪ್ಪದಲ್ಲೋ ತೆಗೆದಿಟ್ಟುಕೊಳ್ಳಿ.

ಈಗ ನೀರಿನ ವಿಷಯಕ್ಕೆ ಬರುತ್ತೇನೆ. ಮೇ ಕೊನೆಯಲ್ಲಿ ನೀರಿನವರೆಗೆ ಇಳಿದು ಹೋಗುವುದೇ ಒಂದು ನಡಿಗೆ. ಮೇಲೆ ಕೆಂಪು ಮಣ್ಣು, ಜಂಬಿಟ್ಟಿಗೆ ಕಲ್ಲು. ಕೆಳಗೆ ಬಿರುಕು ಬಿಟ್ಟ ಕೆಸರು. ಒಣಗಿದ ಹಾಗೆ ಕಾಣುತ್ತದೆ, ಆದರೆ ನೀರಿನ ಹತ್ತಿರ ಕಾಲಿಟ್ಟರೆ ಮೊಣಕಾಲವರೆಗೆ ಹೂತುಹೋಗುತ್ತದೆ. ದೋಣಿಯವರು ನಡೆದ ಜಾಗದಲ್ಲೇ ನಡೆಯಿರಿ. ಚಪ್ಪಲಿ ಬೇಡ, ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಅಥವಾ ಹಳೆಯ ಶೂ ಇರಲಿ.

ನೀರಿಗೆ ಇಳಿಯುವ ಹೊತ್ತು ಬೆಳಗಿನ ಜಾವ. ಸೂರ್ಯ ಹುಟ್ಟುವಾಗ ನೀರು ಅಲುಗಾಡದೆ ಕನ್ನಡಿಯ ಹಾಗೆ ಇರುತ್ತದೆ. ತೆಪ್ಪದಲ್ಲಿ ಕೂತರೆ ಹುಟ್ಟಿನ ಸದ್ದು ಬಿಟ್ಟು ಬೇರೇನೂ ಕೇಳಿಸದು. ಮಧ್ಯಾಹ್ನದ ಮೇಲೆ ಕಥೆಯೇ ಬೇರೆ. ಕೃತ್ತಿಕಾ, ರೋಹಿಣಿ ಮಳೆಯ ದಿನಗಳು ಇವು. ಮೇ ಎರಡನೇ ವಾರದಿಂದ ಜೂನ್ ಮೊದಲ ವಾರದವರೆಗೆ ಯಾವ ಸಂಜೆ ಬೇಕಾದರೂ ಗುಡುಗು, ಸಿಡಿಲು, ಬಿರುಗಾಳಿ ಬರಬಹುದು. ಮೋಡ ಕಟ್ಟುವುದಕ್ಕೂ ಗಾಳಿ ಬೀಸುವುದಕ್ಕೂ ನಡುವೆ ಹೆಚ್ಚು ಹೊತ್ತು ಸಿಗದು. ಅಷ್ಟು ಅಗಲದ ನೀರಿನ ಮೇಲೆ ಸಿಡಿಲಿಗೆ ಅಡಗುವ ಜಾಗವೇ ಇಲ್ಲ. ನಮ್ಮ ದೋಣಿಯವರು ಪಶ್ಚಿಮದಲ್ಲಿ ಮೋಡ ಕಪ್ಪಾದದ್ದು ನೋಡಿದ್ದೇ ತಡ, ಅರ್ಧಕ್ಕೇ ತಿರುಗಿಸಿದರು. ಜೊತೆಯಲ್ಲಿದ್ದ ಕೆಲವರಿಗೆ ಬೇಸರವಾಯಿತು. ನನಗೆ ಮಾತ್ರ ಅವರ ಮೇಲೆ ಗೌರವ ಹೆಚ್ಚಿತು. ಅವರು ತಿರುಗಿ ಅಂದರೆ ತಿರುಗಿ, ಹಣ ಕೊಟ್ಟಿದ್ದೇವೆ ಅಂತ ವಾದ ಮಾಡಬೇಡಿ. ಲೈಫ್ ಜಾಕೆಟ್ ಸೆಕೆ ಅಂತ ಬಿಚ್ಚಬೇಡಿ, ಈಜು ಬರುವವರೂ ಬಿಚ್ಚಬೇಡಿ. ಕಾರಣ ಮರದ ಬೊಡ್ಡೆಗಳು.

ಮುಳುಗಿದ ಕಾಡಿನ ಬೊಡ್ಡೆಗಳು ನೀರು ಇಳಿದಂತೆ ಒಂದೊಂದಾಗಿ ತಲೆ ಎತ್ತುತ್ತವೆ. ಮೇಲೆ ಕಾಣುವವು ಪರವಾಗಿಲ್ಲ. ಗೇಣಿನಷ್ಟು ಕೆಳಗೆ ಇರುವವೇ ಅಪಾಯ. ಕಯಾಕ್‌ನಂಥ ಸಣ್ಣ ದೋಣಿ ತಾಗಿದರೆ ಮಗುಚುತ್ತದೆ. ದಡದಿಂದ ಹಾರಿದರೆ ಏನಾಗಬಹುದು ಅಂತ ಹೇಳಬೇಕಾಗಿಲ್ಲ ಅಲ್ವಾ? ಈ ಸಮಯದಲ್ಲಿ ನೀರಿಗೆ ಹಾರುವುದು ಬೇಡವೇ ಬೇಡ.

ಆದರೆ ನಾನು ಮೇ ಕೊನೆಯಲ್ಲಿ ಹೋಗಿ ಅನ್ನುವುದೂ ಆ ಬೊಡ್ಡೆಗಳಿಗಾಗಿಯೇ. ತುಂಬಿದಾಗ ಇದು ಸುಮ್ನೆ ಒಂದು ಚೆಂದದ ಕೆರೆ. ಇಳಿದಾಗ ಗೊತ್ತಾಗುತ್ತದೆ, ಕೆಳಗೆ ಊರುಗಳಿದ್ದವು, ಕಾಡಿತ್ತು, ತೋಟವಿತ್ತು ಅಂತ. ಗದ್ದೆಯ ಬದುವಿನ ಹಾಗೆ ಕಾಣುವ ಗೆರೆಗಳು, ಸಾಲಾಗಿ ಇಟ್ಟ ಕಲ್ಲುಗಳು ಕಂಡವು. ಇಲ್ಲಿನವರು ಇದನ್ನು ಮುಳುಗಡೆ ಅನ್ನುತ್ತಾರೆ. ನಾಡಿಗೆಲ್ಲ ಬೆಳಕು ಕೊಡಲು ಮನೆ ಬಿಟ್ಟವರ ಎಷ್ಟೋ ಕುಟುಂಬಗಳು ಇವತ್ತಿಗೂ ತಾವಿರುವ ಜಮೀನಿನ ಹಕ್ಕುಪತ್ರಕ್ಕೆ ಹೋರಾಡುತ್ತಿವೆ. ದಯವಿಟ್ಟು ಅಲ್ಲಿಯ ಕಲ್ಲನ್ನು ನೆನಪಿಗೆ ಅಂತ ಎತ್ತಿಕೊಂಡು ಬರಬೇಡಿ. ಬಾಟಲಿ, ಪ್ಲಾಸ್ಟಿಕ್ ಬಿಟ್ಟು ಬರಬೇಡಿ. ಮಳೆ ಬಂದರೆ ಅದೆಲ್ಲ ನೀರಿನಡಿಗೇ ಹೋಗುತ್ತದೆ.

ನೀರು ತುಂಬಾ ಇಳಿದ ವರ್ಷ ಹಳೆಯ ಹಿರೇಭಾಸ್ಕರ ಅಣೆಕಟ್ಟೆಯೂ ಕಾಣುತ್ತದೆ. ಮಡೆನೂರು ಡ್ಯಾಂ ಅಂತಲೂ ಕರೆಯುತ್ತಾರೆ. ಮೈಸೂರು ಸಂಸ್ಥಾನದವರು ಕಟ್ಟಿಸಿದ್ದು, 1948ರ ಹೊತ್ತಿಗೆ ಮುಗಿದದ್ದು. ಹೆಚ್ಚಾದ ನೀರು ತಾನಾಗಿ ಹೊರಹೋಗಲು ಸೈಫನ್ ಇಟ್ಟು ಕಟ್ಟಿದ್ದಾರೆ. ಲಿಂಗನಮಕ್ಕಿ ತುಂಬಿದ ಮೇಲೆ ಇದು ಮುಳುಗಿತು. ಇಷ್ಟು ವರ್ಷ ನೀರಲ್ಲಿದ್ದರೂ ಗಟ್ಟಿಯಾಗಿ ನಿಂತಿದೆ. ನೋಡಲು ಆಸೆಯಾಗುವುದು ಸಹಜ. ಆದರೆ ಸುತ್ತ ಕಾಡು, ಕೆಸರು. ಅರಣ್ಯ ಇಲಾಖೆಯಲ್ಲಿ ವಿಚಾರಿಸದೆ, ದಾರಿ ಗೊತ್ತಿರುವ ಊರಿನವರು ಜೊತೆಗಿಲ್ಲದೆ ಹೋಗಬೇಡಿ.

ಮಂಗನ ಕಾಯಿಲೆಯ ಬಗ್ಗೆ ಪ್ರವಾಸಿಗರು ಯೋಚಿಸುವುದೇ ಇಲ್ಲ. ಯೋಚಿಸಲೇಬೇಕು. 1957ರಲ್ಲಿ ಮೊದಲು ಗುರುತಿಸಿದ್ದು ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಜೀವಗಳೇ ಹೋದವು. ಉಣುಗು (ಉಣ್ಣೆ) ಕಚ್ಚಿ ಬರುವ ಕಾಯಿಲೆ ಇದು. ಮಳೆ ಹಿಡಿಯುವವರೆಗೂ ಅಪಾಯ ಇರುತ್ತದೆ. ತರಗೆಲೆಯ ಮೇಲೆ ಕೂರಬೇಡಿ, ಮಲಗಬೇಡಿ. ಉದ್ದ ತೋಳಿನ ಅಂಗಿ, ಉದ್ದ ಪ್ಯಾಂಟು ಹಾಕಿ. ವಾಪಸ್ ಬಂದ ಮೇಲೆ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆ ಒಗೆಯಿರಿ. ಮುಂದಿನ ದಿನಗಳಲ್ಲಿ ಜ್ವರ ಬಂದರೆ ಸಾಗರದ ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಹೇಳಿ.

ಜೋಗ ಹತ್ತಿರವೇ ಇದೆ, ಆದರೆ ಈ ಸಮಯದಲ್ಲಿ ಬಂಡೆ ನೋಡಿ ಬರಬೇಕು ಅಷ್ಟೇ. ಆ ಹೊತ್ತನ್ನು ಇಕ್ಕೇರಿಯ ಅಘೋರೇಶ್ವರ ದೇವಸ್ಥಾನಕ್ಕೆ ಕೊಡಿ. ದಪ್ಪ ಕಲ್ಲಿನ ಗೋಡೆಯೊಳಗೆ ಮೇ ಸೆಕೆಯಲ್ಲೂ ತಂಪು. ಸಿಗಂದೂರಿಗೆ ಹೋಗುವವರಿಗೆ ಈಗ ಸುಲಭ. 2025ರ ಜುಲೈನಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆಯಿತು. ಮೊದಲಾದರೆ ನೀರು ಇಳಿದಾಗ ಲಾಂಚಿನಲ್ಲಿ ವಾಹನ ಹತ್ತಿಸುತ್ತಿರಲಿಲ್ಲ. ಹಿನ್ನೀರಿನ ಆಚೆ ದಡದ ತುಮರಿ ಕಡೆಯ ಜನ ಅನುಭವಿಸಿದ ಕಷ್ಟ ಅಷ್ಟಿಷ್ಟಲ್ಲ. ಊಟಕ್ಕೆ ಸಾಗರದಲ್ಲಿ ಮಾವಿನಕಾಯಿಯ ಅಪ್ಪೆಹುಳಿ ಸಿಕ್ಕರೆ ಬಿಡಬೇಡಿ. ಹಲಸಿನ ಹಪ್ಪಳವೂ ಆಗಷ್ಟೇ ಒಣಗಿ ಬಂದಿರುತ್ತದೆ.

ಜೂನ್ ಮೊದಲ ವಾರ ದಾಟಿತು ಅಂದರೆ ದೋಣಿಯ ಆಸೆ ಬಿಡಿ. ಹೋಗುವುದನ್ನು ಜುಲೈ ಕೊನೆಗೋ ಆಗಸ್ಟಿಗೋ ಮುಂದೂಡಿ ಜೋಗ ನೋಡಿ ಬನ್ನಿ. ಹಿನ್ನೀರಿಗೆ ಇಳಿಯುವುದು ಮಳೆ ಪೂರ್ತಿ ನಿಂತ ಮೇಲೆ. ಅಕ್ಟೋಬರ್ ಕೊನೆಯಲ್ಲಿ ಒಮ್ಮೆ ಫೋನ್ ಮಾಡಿ ಕೇಳಿ.