ಚಕ್ ಅನ್ನೋ ಸದ್ದು ಮತ್ತು ಅರ್ನೆಸ್ಟ್ ರಾಂಗ್ಲಿನ್

ಜಮೈಕಾದ ರೆಗೆ ಸಂಗೀತದ ಗಿಟಾರ್ ಸುಲಭ ಅಂದುಕೊಂಡಿದ್ದೆ. ಮೂರು ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳ ಗುಂಪು), ಅದನ್ನೇ ಕೊನೆತನಕ ಬಾರಿಸೋದು, ಅದರಲ್ಲೇನಿದೆ ಅಂತ. ಕೂತು ನುಡಿಸೋಕೆ ಹೋದಾಗ ಗೊತ್ತಾಯಿತು. ತಂತಿ ಮೀಟಿದ ತಕ್ಷಣ ಎಡಗೈ ಬೆರಳನ್ನು ಸಡಿಲ ಬಿಡಬೇಕು, ಆದರೆ ತಂತಿಯಿಂದ ಎತ್ತಬಾರದು. ಎತ್ತಿದರೆ ಗುಂಯ್ ಅನ್ನುತ್ತದೆ, ಒತ್ತಿಕೊಂಡೇ ಇದ್ದರೆ ಸದ್ದು ಎಳೆಯುತ್ತದೆ. ಎರಡರ ಮಧ್ಯೆ ಎಲ್ಲೋ 'ಚಕ್' ಅಂತ ಒಂದು ಒಣ ಸದ್ದಿದೆ, ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ. ಅದೂ ತಾಳದ ಪೆಟ್ಟಿನ ಮೇಲಲ್ಲ, ಪೆಟ್ಟು ಬಿದ್ದಾದ ಮೇಲೆ. ಸಂಗೀತ ಪಾಠಕ್ಕೆ ಹೋದವರಿಗೆ ಅರ್ಧ ಎಡುಪು, ಅಂದರೆ ಪೆಟ್ಟು ಬಿದ್ದು ಅರ್ಧ ಆದ ಮೇಲೆ ಹಾಡು ಎತ್ತಿಕೊಳ್ಳೋದು, ಗೊತ್ತಿರುತ್ತದೆ, ಅಲ್ವಾ? ಇಡೀ ಹಾಡು ಆ ಜಾಗದಲ್ಲೇ ಕೂತಿದ್ದರೆ ಹೇಗಿರುತ್ತದೆ ಯೋಚಿಸಿ. ನನ್ನ ಕಾಲು ಬೇಡ ಅಂದರೂ ಪೆಟ್ಟಿಗೇ ಹೋಗುತ್ತಿತ್ತು, ಕಾಲಿನ ಹಿಂದೆಯೇ ಕೈ.

ಈ ಸದ್ದು ಎಲ್ಲಿಂದ ಬಂತು ಅಂತ ಹುಡುಕಿಕೊಂಡು ಹೋದಾಗ ಸಿಕ್ಕ ಹೆಸರು ಅರ್ನೆಸ್ಟ್ ರಾಂಗ್ಲಿನ್. ಅವರೊಬ್ಬರೇ ಕಂಡುಹಿಡಿದರು ಅಂದರೆ ತಪ್ಪಾಗುತ್ತದೆ. ಆದರೆ ಅದು ಹುಟ್ಟುವ ಹೊತ್ತಿಗೆ ಸ್ಟುಡಿಯೋದಲ್ಲಿ ಗಿಟಾರ್ ಹಿಡಿದು ಕೂತಿದ್ದವರಲ್ಲಿ ಅವರು ಒಬ್ಬರು.

ಹುಟ್ಟಿದ್ದು 1932ರಲ್ಲಿ, ಜಮೈಕಾದ ಮ್ಯಾಂಚೆಸ್ಟರ್ ಸೀಮೆಯಲ್ಲಿ (ಇಂಗ್ಲೆಂಡಿನದಲ್ಲ, ಫುಟ್ಬಾಲ್ ನೋಡೋರು ಸಮಾಧಾನ ಮಾಡಿಕೊಳ್ಳಿ). ಮನೆಯ ದೊಡ್ಡವರು ಗಿಟಾರ್, ಯುಕುಲೆಲೆ ನುಡಿಸುತ್ತಿದ್ದರು, ಅದನ್ನು ನೋಡಿ ನೋಡಿಯೇ ಕೈ ಕೂತದ್ದು. ಆಮೇಲೆ ಅಮೆರಿಕದ ಜಾಝ್ ಗಿಟಾರಿಸ್ಟ್ ಚಾರ್ಲಿ ಕ್ರಿಶ್ಚಿಯನ್ ಹುಚ್ಚು ಹಿಡಿಯಿತು. ಮೀಸೆ ಮೂಡುವ ವಯಸ್ಸಿಗೇ ವ್ಯಾಲ್ ಬೆನೆಟ್ ಬ್ಯಾಂಡು, ಅಲ್ಲಿಂದ ಎರಿಕ್ ಡೀನ್ಸ್ ಬ್ಯಾಂಡು. ಅಂದರೆ ಮನುಷ್ಯ ಮೂಲದಲ್ಲಿ ಜಾಝ್‌ನವರು. ಇದನ್ನು ನೆನಪಿಟ್ಟುಕೊಳ್ಳಿ, ಯಾಕಂದರೆ ರೆಗೆ ಇತಿಹಾಸದಲ್ಲಿ ಅವರ ಹೆಸರು ಬಂದಾಗಲೆಲ್ಲ ಜನ ಮೊದಲು ಮರೆಯೋದೇ ಇದನ್ನು.

1958ರಲ್ಲಿ ಮಾಂಟೆಗೋ ಬೇ ಊರಿನ ಹಾಫ್ ಮೂನ್ ಹೋಟೆಲಿನಲ್ಲಿ ಪ್ರವಾಸಿಗರಿಗೆ ನುಡಿಸುತ್ತಿದ್ದಾಗ ಕ್ರಿಸ್ ಬ್ಲ್ಯಾಕ್‌ವೆಲ್ ಅನ್ನೋ ಹುಡುಗ ಕೇಳಿಸಿಕೊಂಡ. ಇಪ್ಪತ್ತು ಇಪ್ಪತ್ತೊಂದು ವಯಸ್ಸು. ರೆಕಾರ್ಡ್ ಮಾಡೋಣ ಅಂದ. ಒಂದು ಬದಿಗೆ ಲ್ಯಾನ್ಸ್ ಹೇವರ್ಡ್ ಅವರ ಪಿಯಾನೋ, ಇನ್ನೊಂದು ಬದಿಗೆ ರಾಂಗ್ಲಿನ್ ಗಿಟಾರ್. ಐಲ್ಯಾಂಡ್ ರೆಕಾರ್ಡ್ಸ್ ಕಂಪನಿಯ ಮೊದಲ ತಟ್ಟೆ ಅದು. ಹೌದು, ಮುಂದೆ ಬಾಬ್ ಮಾರ್ಲಿಯನ್ನು ಊರೂರಿಗೆ ಮುಟ್ಟಿಸಿದ ಅದೇ ಐಲ್ಯಾಂಡ್.

ಆಗ ಕಿಂಗ್‌ಸ್ಟನ್‌ನಲ್ಲಿ ಸೌಂಡ್ ಸಿಸ್ಟಂಗಳ ಕಾಲ. ಬಯಲಲ್ಲಿ ಆಳೆತ್ತರದ ಸ್ಪೀಕರ್ ಪೆಟ್ಟಿಗೆ ಇಟ್ಟು, ಅಮೆರಿಕದಿಂದ ತಂದ ರಿದಮ್ ಆಂಡ್ ಬ್ಲೂಸ್ ತಟ್ಟೆ ಹಾಕಿ ಕುಣಿಸುತ್ತಿದ್ದರು. ಅಮೆರಿಕ ರಾಕ್ ಅಂಡ್ ರೋಲ್ ಕಡೆ ತಿರುಗಿದ ಮೇಲೆ ಇವರಿಗೆ ಬೇಕಾದ ಥರದ ಹಾಡು ಸಿಗೋದು ಕಮ್ಮಿಯಾಯಿತು. ಸರಿ, ನಾವೇ ಮಾಡಿಕೊಳ್ಳೋಣ ಅಂತ ಕಾಕ್ಸನ್ ಡಾಡ್, ಡ್ಯೂಕ್ ರೀಡ್ ಥರದ ಸೌಂಡ್ ಸಿಸ್ಟಂ ಮಾಲೀಕರು ಹೋಟೆಲ್ ಬ್ಯಾಂಡಿನವರನ್ನು ಸ್ಟುಡಿಯೋಗೆ ಕರೆದರು. 1959ರಲ್ಲಿ ಡಾಡ್‌ಗೋಸ್ಕರ ಫೆಡರಲ್ ಸ್ಟುಡಿಯೋದಲ್ಲಿ ಕ್ಲೂ ಜೆ ತಂಡದ ಜೊತೆ ರಾಂಗ್ಲಿನ್ ನುಡಿಸಿದ 'ಶಫಲಿಂಗ್ ಬಗ್' ಅನ್ನೇ ಮೊದಲ ಸ್ಕಾ (ರೆಗೆಗಿಂತ ಮೊದಲು ಬಂದ ಜಮೈಕಾದ ಕುಣಿತದ ಸಂಗೀತ) ಅಂತ ತುಂಬಾ ಜನ ಹೇಳುತ್ತಾರೆ. ಸ್ಕಾ ನಿಧಾನವಾಗಿ ರಾಕ್‌ಸ್ಟೆಡಿ ಆಯಿತು, ಅದು ಇನ್ನೂ ಭಾರವಾಗಿ ರೆಗೆ ಆಯಿತು. ಮೂರರಲ್ಲೂ ಆ ಚಕ್ ಮಾತ್ರ ಜಾಗ ಬಿಟ್ಟು ಕದಲಲಿಲ್ಲ.

ನನಗೆ ಜಾಸ್ತಿ ಇಷ್ಟ ಆಗೋದು 1964. ಬ್ಲ್ಯಾಕ್‌ವೆಲ್ ಲಂಡನ್ನಿಗೆ ಕರೆಸಿಕೊಂಡ. ಅಲ್ಲಿ ಮಿಲ್ಲಿ ಸ್ಮಾಲ್ ಅನ್ನೋ ಹದಿನಾರರ ಹುಡುಗಿಗೆ 'ಮೈ ಬಾಯ್ ಲಾಲಿಪಾಪ್' ಹಾಡನ್ನು ಕೂರಿಸಿಕೊಟ್ಟವರು ರಾಂಗ್ಲಿನ್. ಎರಡು ನಿಮಿಷದ ಹಾಡು. ಬ್ರಿಟನ್‌ನಲ್ಲೂ ಅಮೆರಿಕದಲ್ಲೂ ಎರಡನೇ ಸ್ಥಾನಕ್ಕೆ ಹೋಯಿತು. ಅದೇ ವರ್ಷ ಅದೇ ಊರಲ್ಲಿ ರಾನಿ ಸ್ಕಾಟ್ ಅವರ ಜಾಝ್ ಕ್ಲಬ್ಬಿನಲ್ಲಿ 9 ತಿಂಗಳು ನುಡಿಸಿದರು, ಮೆಲೊಡಿ ಮೇಕರ್ ಪತ್ರಿಕೆಯ ಮತದಾನದಲ್ಲಿ ಜಾಝ್ ಗಿಟಾರಿಗೆ ಮೊದಲ ಸ್ಥಾನ. ಲಾಲಿಪಾಪ್‌ಗೆ ಕುಣಿದ ಎಷ್ಟು ಹುಡುಗರಿಗೆ ಈ ಜಾಝ್ ಮೇಷ್ಟ್ರು ಗೊತ್ತಿದ್ದರೋ! ರೆಕಾರ್ಡಿನ ಮೇಲೆ ದೊಡ್ಡದಾಗಿ ಇರೋದು ಹಾಡಿದವರ ಹೆಸರು ತಾನೆ. ಸೆಷನ್‌ಗೆ ಬಂದವರು ನುಡಿಸಿ, ಕೂಲಿ ಇಸಕೊಂಡು ಮನೆಗೆ ಹೋಗಬೇಕು. ನಮ್ಮ ಹಳೇ ಸಿನಿಮಾ ಹಾಡುಗಳಲ್ಲಿ ಕೊಳಲು ಊದಿದವರು ಯಾರು ಅಂತ ಕೇಳಿದರೆ ನಾನೂ ತಲೆ ಕೆರೆದುಕೊಳ್ಳುತ್ತೇನೆ, ಬೇರೆಯವರನ್ನು ಏನಂತ ಬೈಯೋದು.

ಮಾರ್ಲಿ ಇದ್ದ ವೇಲರ್ಸ್ ತಂಡದ ಶುರುವಿನ ದಿನಗಳ 'ಇಟ್ ಹರ್ಟ್ಸ್ ಟು ಬಿ ಅಲೋನ್' ಕೇಳಿ. ಹಾಡೋದು ಜೂನಿಯರ್ ಬ್ರೇಥ್‌ವೇಟ್, ಇನ್ನೂ ಎಳೇ ದನಿ, ಮಾರ್ಲಿ ಅಲ್ಲ. ಗಿಟಾರ್ ರಾಂಗ್ಲಿನ್ ಅವರದು. ಹುಡುಗ ಅಳುತ್ತಿದ್ದರೆ ಪಕ್ಕದಲ್ಲಿ ಕೂತ ದೊಡ್ಡವರು ಬೆನ್ನು ಸವರಿದ ಹಾಗೆ ಕೇಳಿಸುತ್ತದೆ ನನಗೆ.

ಎಪ್ಪತ್ತರ ದಶಕದಲ್ಲಿ ರೆಗೆ ಹಾಡುಗಾರ ಜಿಮ್ಮಿ ಕ್ಲಿಫ್ ಜೊತೆ ಊರೂರು ಸುತ್ತಿದರು. 1973ರಲ್ಲಿ ಜಮೈಕಾ ಸರ್ಕಾರ ಆರ್ಡರ್ ಆಫ್ ಡಿಸ್ಟಿಂಕ್ಷನ್ ಕೊಟ್ಟಿತು. ಬಿರುದು ಬಾವಲಿ ವಿಷಯ ಇಷ್ಟು ಸಾಕು. ನನಗೆ ಮುಖ್ಯ ಅನಿಸೋದು 1996ರ 'ಬಿಲೋ ದ ಬೇಸ್‌ಲೈನ್' ಆಲ್ಬಂ. ವಯಸ್ಸು ಅರವತ್ತು ದಾಟಿತ್ತು. ಹಳೇ ರೆಗೆ ಹಾಡುಗಳನ್ನು ತಗೊಂಡು ಅವುಗಳ ಮೇಲೆ ಜಾಝ್ ಗಿಟಾರ್ ನುಡಿಸಿದರು, ಪಿಯಾನೋಗೆ ಜಮೈಕಾದವರೇ ಆದ ಮಾಂಟಿ ಅಲೆಗ್ಸಾಂಡರ್. ಹಗಲು ಸ್ಟುಡಿಯೋದಲ್ಲೊಂದು, ರಾತ್ರಿ ಕ್ಲಬ್ಬಿನಲ್ಲೊಂದು ಅಂತ ಬೇರೆ ಬೇರೆ ಇದ್ದ ಎರಡು ಕೈಗಳು ಇದರಲ್ಲಿ ಒಟ್ಟಿಗೆ ಕೂತಿವೆ. ಎರಡು ವರ್ಷ ಆದ ಮೇಲೆ ಸೆನೆಗಲ್‌ಗೆ ಹೋಗಿ ಅಲ್ಲಿಯ ಹಾಡುಗಾರ ಬಾಬಾ ಮಾಲ್ ಜೊತೆ ಇನ್ನೊಂದು ರೆಕಾರ್ಡ್. ಅದನ್ನೂ ಕೇಳಿದೆ, ಚೆನ್ನಾಗಿದೆ, ಆದರೆ ನಾನು ಸುಮ್ನೆ ಮೊದಲಿನದಕ್ಕೇ ವಾಪಸ್ ಬರುತ್ತೇನೆ.

ಅದರಲ್ಲಿ 'ಸರ್ಫಿನ್' ಅಂತ ಒಂದಿದೆ. ಅಲ್ಲಿಂದ ಶುರು ಮಾಡಿ. ಫೋನ್ ಸ್ಪೀಕರಿನಲ್ಲಿ ಮಾತ್ರ ಬೇಡ, ಬೇಸ್ ಕೇಳಿಸೋದೇ ಇಲ್ಲ. ಹೆಡ್‌ಫೋನ್ ಇಲ್ಲದಿದ್ದರೆ ಪಕ್ಕದ ಮನೆಯವರದ್ದಾದರೂ ಇಸಕೊಳ್ಳಿ.