ಮೀಟರ್ 12 ವೋಲ್ಟ್ ಅಂದಿತು, ಬಲ್ಬ್ ಉರಿಯಲಿಲ್ಲ

ನಮ್ಮ ಭಾವ ಟೆಕ್ಸಾಸ್‌ನಲ್ಲಿದ್ದಾರೆ. ಮನೆಯ ಗ್ಯಾರೇಜಿನಲ್ಲಿ ವಿಮಾನ ಕಟ್ಟುತ್ತಿದ್ದಾರೆ. ಇಬ್ಬರು ಅಕ್ಕಪಕ್ಕ ಕೂತು ಹಾರುವ ವಿಮಾನ, ಆರ್‌ವಿ-7 ಅಂತ ಹೆಸರು. ಕಿಟ್ ಬರುತ್ತದೆ, ಅಲ್ಯುಮಿನಿಯಂ ಹಾಳೆ, ರಿವೆಟ್ಟು, ನಕ್ಷೆ ಎಲ್ಲ ಅದರಲ್ಲೇ ಇರುತ್ತದೆ, ಆದರೆ ಅಲ್ಲಿನ ನಿಯಮದ ಪ್ರಕಾರ ಅರ್ಧಕ್ಕಿಂತ ಜಾಸ್ತಿ ಕೆಲಸವನ್ನು ಹವ್ಯಾಸಕ್ಕೆ ಕಟ್ಟುವವರೇ ಮಾಡಿರಬೇಕು. 51 ಶೇಕಡಾ ನಿಯಮ ಅಂತಲೇ ಅದನ್ನು ಕರೆಯುತ್ತಾರೆ. ವೈರಿಂಗ್ ಪೂರ್ತಿ ಭಾವನದ್ದೇ.

ನನ್ನದು ಉಡುಪಿ ಸಂತೆಕಟ್ಟೆಯಲ್ಲಿ ಆಟೋ ಎಲೆಕ್ಟ್ರಿಕಲ್ ಕೆಲಸ. ರಿಕ್ಷಾ, ಬಸ್ಸು, ಟಿಪ್ಪರ್ ಬರುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ ಇರುವಾಗ ಮಲ್ಪೆಯ ಬೋಟುಗಳ ವೈರಿಂಗ್ ಕೆಲಸವೂ ಸಿಗುತ್ತದೆ. ವಿಮಾನದ ವೈರನ್ನು ನಾನು ಕೈಯಲ್ಲಿ ಮುಟ್ಟಿದ್ದಿಲ್ಲ. ಆದರೂ ಕಳೆದ ಜುಲೈಯಲ್ಲಿ ನಾಲ್ಕು ದಿನ, ನಮ್ಮ ಬೆಳಗ್ಗೆ ಆರು ಗಂಟೆ ಅಂದರೆ ಅವರಿಗೆ ಹಿಂದಿನ ದಿನ ಸಂಜೆ ಏಳೂವರೆ, ವಿಡಿಯೋ ಕಾಲಿನಲ್ಲಿ ನಾವಿಬ್ಬರೂ ಒಂದು ವೈರಿನ ಹಿಂದೆ ಬಿದ್ದಿದ್ದೆವು. ಅದನ್ನು ಬರೆದಿಡಬೇಕು ಅಂತ ಆವತ್ತೇ ಅಂದುಕೊಂಡಿದ್ದೆ.

ಅದು ವಿಮಾನದ ಟ್ರಿಮ್‌ನ ವೈರ್. ಮೊದಲು ಟ್ರಿಮ್ ಅಂದರೇನು ಅಂತ ಹೇಳುತ್ತೇನೆ. ಬೋಟಿನಲ್ಲಿ ನೀರಿನ ಸೆಳೆತ ಒಂದೇ ಕಡೆಗೆ ಇದ್ದರೆ ಬೋಟು ನಡೆಸುವ ತಾಂಡೇಲ ಚುಕ್ಕಾಣಿಯನ್ನು ಒತ್ತಿ ಹಿಡಿದೇ ಇರಬೇಕು, ಬಿಟ್ಟರೆ ಬೋಟು ತಿರುಗುತ್ತದೆ. ವಿಮಾನದಲ್ಲೂ ಹಾಗೆಯೇ. ವೇಗ ಬದಲಾದ ಹಾಗೆ ಮೂತಿ ಮೇಲೆ ಅಥವಾ ಕೆಳಗೆ ಹೋಗಲು ನೋಡುತ್ತದೆ, ಸ್ಟಿಕ್ಕನ್ನು, ಅಂದರೆ ಪೈಲಟ್ ಕೈಯಲ್ಲಿ ಹಿಡಿಯುವ ಕೋಲನ್ನು, ಎಳೆದೋ ತಳ್ಳಿಯೋ ಹಿಡಿದಿರಬೇಕು. ಒಂದು ಗಂಟೆ ಹಾಗೆ ಹಿಡಿದರೆ ಕೈ ಸೋಲುತ್ತದೆ. ಅದಕ್ಕೆ ಬಾಲದ ಎಲಿವೇಟರಿನ, ಅಂದರೆ ಮೇಲೆ ಕೆಳಗೆ ಆಡಿ ಮೂತಿಯನ್ನು ಎತ್ತುವ ಇಳಿಸುವ ರೆಕ್ಕೆಯ, ಹಿಂದಿನ ಅಂಚಿಗೆ ಸಣ್ಣ ಪಟ್ಟಿಯೊಂದನ್ನು ಕೂರಿಸಿರುತ್ತಾರೆ. ಪಟ್ಟಿ ಕೆಳಗೆ ಬಾಗಿದರೆ ಗಾಳಿ ಎಲಿವೇಟರನ್ನು ಮೇಲಕ್ಕೆ ತಳ್ಳುತ್ತದೆ, ಆಗ ಮೂತಿ ಮೇಲೆ. ಪಟ್ಟಿ ಮೇಲೆ ಹೋದರೆ ಮೂತಿ ಕೆಳಗೆ. ಆ ಪಟ್ಟಿಯನ್ನು ಆಡಿಸಲು ಬೆರಳುದ್ದದ ಸರ್ವೋ ಮೋಟರ್. ಸ್ಟಿಕ್ಕಿನ ತಲೆಯಲ್ಲಿ ಎರಡು ಬಟನ್, ಹೆಬ್ಬೆರಳಲ್ಲಿ ಒತ್ತುವಂಥದ್ದು.

ಭಾವನ ವಿಮಾನದಲ್ಲಿ ಮೂತಿ ಇಳಿಸುವ ಬಟನ್ ಸರಿ ಇತ್ತು. ಮೂತಿ ಎತ್ತುವ ಬಟನ್ ಒಮ್ಮೆ ಕೆಲಸ ಮಾಡುತ್ತದೆ, ಒಮ್ಮೆ ಇಲ್ಲ.

"ಎಂತ ಮಾರಾಯ, ಸರ್ವೋ ಹೋಗಿದೆ ಅಂತ ಕಾಣ್ತದೆ. ಹೊಸತು ತರಿಸ್ತೇನೆ" ಅಂದರು.

"ಭಾವ, ಸರ್ವೋ ಬಿಚ್ಚಬೇಡಿ. ಒಂದು ಕಡೆಗೆ ಸರಿ ಓಡ್ತದಲ್ವಾ?"

ಈ ಮಾತು ಮುಖ್ಯ. ಇದು ಮಾಮೂಲಿ ಡಿಸಿ ಮೋಟರ್. ಪ್ಲಸ್ ಮೈನಸ್ ಅದಲು ಬದಲು ಮಾಡಿದರೆ ತಿರುಗುವ ದಿಕ್ಕು ಬದಲಾಗುತ್ತದೆ. ಅಂದರೆ ಎರಡೂ ದಿಕ್ಕಿಗೆ ಅದೇ ಮೋಟರ್, ಅದೇ ಎರಡು ವೈರ್. ಒಂದು ದಿಕ್ಕಿಗೆ ಗಟ್ಟಿಯಾಗಿ ಓಡುತ್ತಿದ್ದರೆ ಆ ಎರಡು ವೈರಿನ ತಂಟೆಗೆ ಮೊದಲು ಹೋಗುವುದು ಬೇಡ. ಸರ್ವೋ ಒಳಗೆ ತುದಿ ಮುಟ್ಟಿದಾಗ ನಿಲ್ಲಿಸುವ ಲಿಮಿಟ್ ಸ್ವಿಚ್ ಇರುತ್ತದೆ, ಅದು ಅಂಟಿಕೊಂಡರೂ ಒಂದೇ ಕಡೆ ಓಡಬಹುದು. ಆದರೆ ಅದು ಮೂರನೆಯ ಸಂಶಯ, ಮೊದಲನೆಯದಲ್ಲ.

ಭಾವನಿಗೆ ಇನ್ನೊಂದು ಗೊಂದಲವೂ ಇತ್ತು. ಡಿಸ್‌ಪ್ಲೇಯಲ್ಲಿ ಟ್ರಿಮ್ ಎಲ್ಲಿದೆ ಅಂತ ಸರಿಯಾಗಿ ತೋರಿಸುತ್ತದೆ, ಹಾಗಾಗಿ ಬಾಲದಿಂದ ಬರುವ ವೈರೆಲ್ಲ ಸರಿ ಇದೆ ಅಂತ ಅವರ ಲೆಕ್ಕ. ಸರ್ವೋದಿಂದ ಐದು ವೈರ್ ಬರುತ್ತವೆ. ಎರಡು ಮೋಟರಿನದ್ದು, ಮೂರು ಒಳಗಿನ ಪೊಟೆನ್ಷಿಯೋಮೀಟರಿನದ್ದು, ಅಂದರೆ ಪಟ್ಟಿ ಎಲ್ಲಿದೆ ಅಂತ ತಿಳಿಸುವ ಭಾಗದ್ದು. ಡಿಸ್‌ಪ್ಲೇ ನೋಡುವುದು ಆ ಮೂರನ್ನು ಮಾತ್ರ. ಆ ಮೂರು ಸರಿ ಇದ್ದ ಮಾತ್ರಕ್ಕೆ ಮೋಟರಿನ ದಾರಿ ಸರಿ ಇದೆ ಅಂತ ಆಗುವುದಿಲ್ಲ. ರಿಕ್ಷಾದ ಪೆಟ್ರೋಲ್ ಮುಳ್ಳು ಆಡುತ್ತದೆ ಅಂದ ಮಾತ್ರಕ್ಕೆ ಹಾರ್ನ್ ಸರಿ ಇದೆ ಅಂತ ಯಾರೂ ಹೇಳುವುದಿಲ್ಲ.

ಮೋಟರನ್ನು ತಿರುಗಿಸಲು ಅವರು ಎರಡು ರಿಲೇ ಹಾಕಿದ್ದರು, ಕಾರಿನಲ್ಲಿ ಬರುವಂಥದ್ದೇ, ಐದು ಕಾಲಿನದ್ದು. ರಿಲೇ ಅಂದರೆ ಒಳಗಿನ ಕಾಯಿಲ್‌ಗೆ ಕರೆಂಟು ಬಂದಾಗ ಅಯಸ್ಕಾಂತದ ಹಾಗೆ ಎಳೆದು ಬದಲಾಗುವ ಸ್ವಿಚ್. ನನಗೆ ಅದನ್ನು ಕಂಡಾಗ ಜೀವ ಬಂತು, ಯಾಕೆಂದರೆ 30, 85, 86, 87, 87ಎ ಅಂತ ಬರೆದ ಆ ಕಾಲುಗಳ ಜೊತೆ ನಾನು ಇಪ್ಪತ್ತು ವರ್ಷ ಕಳೆದಿದ್ದೇನೆ. ಮೋಟರಿನ ಒಂದೊಂದು ವೈರ್ ಒಂದೊಂದು ರಿಲೇಯ 30ಕ್ಕೆ ಹೋಗುತ್ತದೆ. ಸುಮ್ನೆ ಇರುವಾಗ ಎರಡೂ ಅರ್ತ್‌ಗೆ ತಾಗಿರುತ್ತವೆ. ಬಟನ್ ಒತ್ತಿದರೆ ಆ ಕಡೆಯ ರಿಲೇ ಟಕ್ ಅಂದು ತನ್ನ ವೈರನ್ನು ಪ್ಲಸ್‌ಗೆ ಹಾಕುತ್ತದೆ, ಇನ್ನೊಂದು ಅರ್ತ್‌ನಲ್ಲೇ ಉಳಿಯುತ್ತದೆ, ಮೋಟರ್ ಓಡುತ್ತದೆ. ಕಾಯಿಲ್‌ನ ಒಂದು ಕಾಲಿಗೆ ಯಾವಾಗಲೂ ಪ್ಲಸ್ ಇದೆ. ಇನ್ನೊಂದು ಕಾಲಿನಿಂದ ವೈರ್ ಸ್ಟಿಕ್ಕಿನ ಬಟನ್ನಿಗೆ ಹೋಗುತ್ತದೆ. ಬಟನ್ ಅದನ್ನು ಅರ್ತ್ ಮಾಡುತ್ತದೆ.

"ಒತ್ತುವಾಗ ಟಕ್ ಅಂತ ಕೇಳ್ತದಾ?" ಅಂತ ಕೇಳಿದೆ. ಸರಿ ಇರುವಾಗ ಕೇಳುತ್ತದೆ, ಕೆಟ್ಟಾಗ ಕೇಳುವುದಿಲ್ಲ ಅಂದರು. ಹಾಗಾದರೆ ಮೋಟರ್, ಸರ್ವೋ, ಲಿಮಿಟ್ ಸ್ವಿಚ್ ಎಲ್ಲ ಪಟ್ಟಿಯಿಂದ ಹೊರಗೆ. ಉಳಿದದ್ದು ರಿಲೇ, ಬಟನ್, ಅದರ ನಡುವಿನ ವೈರ್. ಎರಡು ರಿಲೇಗಳನ್ನು ಅದಲು ಬದಲು ಮಾಡಿಸಿದೆ. ತೊಂದರೆ ರಿಲೇ ಜೊತೆ ಇನ್ನೊಂದು ಕಡೆಗೆ ಹೋದರೆ ರಿಲೇ ಕೆಟ್ಟಿದೆ, ಹೋಗದಿದ್ದರೆ ವೈರಿಂಗ್. ಹೋಗಲಿಲ್ಲ. ಎರಡು ನಿಮಿಷದ ಕೆಲಸ ಇದು, ದುಡ್ಡು ಬೇಡ. ಬಸ್ಸಿನ ಹಾರ್ನ್ ರಿಲೇಯನ್ನು ಹೆಡ್‌ಲೈಟಿನ ಜಾಗಕ್ಕೆ ಚುಚ್ಚಿ ನೋಡುವ ಹಾಗೆಯೇ.

ಇಲ್ಲಿಂದ ಮುಂದೆ ಮೂರು ದಿನ ಹೋಯಿತು.

ಭಾವನ ಹತ್ತಿರ ಒಳ್ಳೆಯ ಡಿಜಿಟಲ್ ಮಲ್ಟಿಮೀಟರ್ ಇದೆ. ಅವರು ಸೀಟಿನ ಕೆಳಗೆ ಬಗ್ಗಿ ಅಳೆಯುವಾಗ ಅಕ್ಕ ಕೂತು ಬಟನ್ ಒತ್ತುತ್ತಾಳೆ. ಬೀಪ್ ಬರುತ್ತದೆ. ಎಲ್ಲ ಸರಿ. ಭಾವ ಸೀಟಿನಲ್ಲಿ ಕೂತು ಒತ್ತಿದರೆ ಕೆಲಸ ಮಾಡುವುದಿಲ್ಲ. ಅಕ್ಕನಿಗೆ ಈ ವಿಮಾನದ ಮೇಲೆ ಮೊದಲೇ ಹೆದರಿಕೆ. ಮಂಗಳೂರಿನ ಕಡೆಯವರಿಗೆ ವಿಮಾನ ಅಂದರೆ 2010ರ ಮೇ 22ರ ಬೆಳಗ್ಗೆ ನೆನಪಾಗುತ್ತದೆ. 158 ಜನ ಹೋದರು ಆವತ್ತು ಬಜ್ಪೆಯಲ್ಲಿ. ಅದಕ್ಕೂ ಟ್ರಿಮ್‌ಗೂ ಸಂಬಂಧ ಇಲ್ಲ, ಆದರೆ ಅಕ್ಕ ಹೇಳಿದ್ದು ಒಂದೇ ಮಾತು: "ಯಾಕೆ ಹಾಳಾಯ್ತು ಅಂತ ಗೊತ್ತಾಗದೆ ಸರಿಯಾದ್ದನ್ನು ನಾನು ನಂಬುವುದಿಲ್ಲ." ಅವಳ ಮಾತು ನೂರಕ್ಕೆ ನೂರು ಸರಿ. ತಾನಾಗಿಯೇ ಸರಿಯಾದ ವೈರ್ ತಾನಾಗಿಯೇ ಮತ್ತೆ ಕೆಡುತ್ತದೆ.

ಅಕ್ಕ ಒತ್ತುವಾಗ ಮತ್ತು ಭಾವ ಒತ್ತುವಾಗ ಏನು ವ್ಯತ್ಯಾಸ ಅಂತ ವಿಡಿಯೋದಲ್ಲಿ ನೋಡುತ್ತಾ ಕೂತೆ. ಅಕ್ಕ ಸ್ಟಿಕ್ಕನ್ನು ಮುಟ್ಟಿದರೂ ಮುಟ್ಟದ ಹಾಗೆ ಹಿಡಿದಿರುತ್ತಾಳೆ, ಅದು ನೆಟ್ಟಗೆ ನಿಂತಿರುತ್ತದೆ. ಭಾವ ಹಾರಿಸಿ ಗೊತ್ತಿದ್ದವರು. ಅವರ ಕೈ ತನ್ನಿಂತಾನೇ ಅದನ್ನು ಹೊಟ್ಟೆ ಕಡೆಗೆ ಎಳೆಯುತ್ತದೆ.

"ಭಾವ, ಸ್ಟಿಕ್ ಹಿಂದೆ ಎಳೆದು ಹಿಡಿದು ಅಳೆಯಿರಿ."

ರಿಲೇ ಎತ್ತಿ, ಕಾಯಿಲ್‌ನ 85 ಮತ್ತು 86 ಕೂರುವ ತೂತುಗಳಿಗೆ ಮೀಟರ್ ಚುಚ್ಚಿ, ಸ್ಟಿಕ್ ಎಳೆದು ಬಟನ್ ಒತ್ತಿದರು. ಮೀಟರ್ 12.4 ವೋಲ್ಟ್ ತೋರಿಸಿತು. "ನೋಡು, ಪೂರ್ತಿ ಬರ್ತಾ ಉಂಟು. ವೈರ್ ಸರಿ ಉಂಟು" ಅಂದರು.

ಇಲ್ಲೇ ಎಲ್ಲರೂ ಜಾರುವುದು. ಡಿಜಿಟಲ್ ಮೀಟರ್ ತನ್ನೊಳಗೆ ಹೆಚ್ಚು ಕಡಿಮೆ ಏನನ್ನೂ ಎಳೆದುಕೊಳ್ಳುವುದಿಲ್ಲ. ಸಾಮಾನ್ಯವಾಗಿ ಅದರ ಒಳಗಿನ ರೆಸಿಸ್ಟೆನ್ಸ್ 10 ಮೆಗಾಓಮ್. ದಾರಿಯಲ್ಲಿ ಕೆಟ್ಟ ಜಾಯಿಂಟ್ ಒಂದು 1000 ಓಮ್ ಅಡ್ಡ ಹಾಕಿ ಕೂತಿದ್ದರೂ ಮೀಟರಿಗೆ ಒಂದು ಮಿಲಿವೋಲ್ಟ್ ಚಿಲ್ಲರೆ ಮಾತ್ರ ಕಮ್ಮಿಯಾಗುತ್ತದೆ, ಅದು ಕಣ್ಣಿಗೆ ಕಾಣುವುದೇ ಇಲ್ಲ. ಆದರೆ ರಿಲೇ ಕಾಯಿಲ್ ಸುಮಾರು 100 ಓಮ್. ಅದೇ ಜಾಯಿಂಟ್ ಮೂಲಕ ಅದಕ್ಕೆ ಸಿಗುವುದು ಒಂದು ವೋಲ್ಟ್ ಅಷ್ಟೇ. ಟಕ್ ಅನ್ನುವುದೆಲ್ಲಿಂದ? ಜೊತೆಗೆ ವೈರ್ ಒಂದು ಕ್ಷಣ ತಾಗಿ ಒಂದು ಕ್ಷಣ ಬಿಟ್ಟರೆ ಮೀಟರಿನ ಅಂಕಿಗೆ ಅದನ್ನು ಹಿಡಿಯುವಷ್ಟು ಚುರುಕಿಲ್ಲ.

ಕರಾವಳಿಯಲ್ಲಿ ಕೆಲಸ ಮಾಡುವವರಿಗೆ ಇದು ಕೈಗೆ ಹತ್ತಿದ ಪಾಠ. ಉಪ್ಪು ಗಾಳಿಗೆ ತಾಮ್ರ ಹಸಿರು ಕಿಲುಬು ಹಿಡಿಯುತ್ತದೆ. ಮಲ್ಪೆಯ ಬೋಟುಗಳಲ್ಲಿ ಸ್ಲೀವ್ ಒಳಗೆ ವೈರ್ ಪುಡಿಯಾಗಿರುತ್ತದೆ, ಆದರೂ ಮೀಟರ್ ಇಟ್ಟರೆ 12 ತೋರಿಸುತ್ತದೆ. ಅದಕ್ಕೇ ನಮ್ಮ ಕಿಸೆಯಲ್ಲಿ ಮೊದಲು ಇರುವುದು ಟೆಸ್ಟ್ ಲ್ಯಾಂಪ್. ಒಂದು ಬಲ್ಬ್, ಒಂದು ಹೋಲ್ಡರ್, ಎರಡು ವೈರ್, ಒಂದು ಮೊಸಳೆ ಕ್ಲಿಪ್ಪು. ಬಲ್ಬ್ ಕರೆಂಟು ಎಳೆಯುತ್ತದೆ. ವೈರಿಗೆ ಕೆಲಸ ಕೊಟ್ಟು ನೋಡುತ್ತದೆ.

"ಭಾವ, ಬಲ್ಬ್ ಉಂಟಾ ನಿಮ್ಮಲ್ಲಿ?"

ಅವರು ಕಾರಿನ ಇಂಡಿಕೇಟರ್ ಬಲ್ಬ್ ಎತ್ತಿ ತೋರಿಸಿದರು. ಅದು ಬೇಡ ಅಂದೆ. 21 ವ್ಯಾಟ್ ಅಂದರೆ ಪೌಣೆರಡು ಆಂಪಿಯರ್, ಸ್ಟಿಕ್ಕಿನ ಆ ಸಣ್ಣ ಬಟನ್ ಸುಟ್ಟು ಹೋಗಬಹುದು. ಗಾಡಿಯ ಮೀಟರ್ ಬೋರ್ಡಿನಲ್ಲಿ ಬರುವ 1.2 ವ್ಯಾಟಿನ ಗುಂಡು ಪಿನ್ನಿನಂಥ ಬಲ್ಬ್ ಬೇಕು. ಅದು ಎಳೆಯುವುದು 0.1 ಆಂಪಿಯರ್, ರಿಲೇ ಕಾಯಿಲ್‌ಗೆ ಹತ್ತಿರ ಹತ್ತಿರ. ಮರುದಿನ ತಂದರು.

ಅದನ್ನು 85, 86ರ ತೂತಿಗೆ ಸಿಕ್ಕಿಸಿ, ಡ್ಯಾಶ್‌ಬೋರ್ಡಿನ ಮೇಲೆ ಟೇಪ್ ಹಾಕಿ ಅಂಟಿಸಿದರು. ಗ್ಯಾರೇಜಿನ ಲೈಟ್ ಆಫ್ ಮಾಡಿಸಿದೆ. ಬಟನ್ ಒತ್ತಿದರು. ಸ್ಟಿಕ್ ನೆಟ್ಟಗಿರುವಾಗ ಬಲ್ಬ್ ಹಳದಿಯಾಗಿ ಉರಿಯಿತು. ಬಟನ್ ಬಿಡದೆ ಮೆಲ್ಲ ಹಿಂದೆ ಎಳೆಯಿರಿ ಅಂದೆ. ಅರ್ಧ ದಾರಿಗೆ ಬರುವಾಗ ಹಳದಿ ಕೆಂಪಾಯಿತು, ಒಳಗಿನ ತಂತಿ ಮಾತ್ರ ಕೆಂಡದ ಎಳೆಯ ಹಾಗೆ ಕಂಡಿತು, ಒಮ್ಮೆ ಮಿಣುಕಿತು, ಆಮೇಲೆ ಆರಿತು. ಮುಂದೆ ತಳ್ಳಿದರೆ ಮತ್ತೆ ಹಳದಿ. ಇಬ್ಬರೂ ಐದಾರು ಸಲ ಅದನ್ನೇ ಮಾಡಿ ನೋಡಿದೆವು. ಅಕ್ಕ ಹಿಂದಿನಿಂದ "ಸಿಕ್ಕಿತಾ?" ಅಂತ ಕೇಳಿದ್ದು ಕೇಳಿಸಿತು.

ಸ್ಟಿಕ್ಕಿನ ಬುಡ ಬಿಚ್ಚಿದರು. ಗ್ರಿಪ್ಪಿನಿಂದ ಬಂದ ಕೇಬಲ್ ಗಿಡ್ಡ ಆಗಿತ್ತಂತೆ, ಅದಕ್ಕೆ ಭಾವ ಅಲ್ಲೇ, ಸರಿಯಾಗಿ ಬಾಗುವ ಜಾಗದಲ್ಲೇ, ಸೋಲ್ಡರ್ ಮಾಡಿ ಜಾಯಿಂಟ್ ಹಾಕಿ ಮೇಲೆ ಸ್ಲೀವ್ ಎಳೆದಿದ್ದರು. ಸೋಲ್ಡರ್ ಬಹಳ ಚೆಂದ ಇತ್ತು, ಹೊಳೆಯುತ್ತಿತ್ತು. ತೊಂದರೆ ಅದರ ಅಂಚಿನಲ್ಲಿ. ಸೋಲ್ಡರ್ ಕರಗಿ ಎಳೆಗಳ ನಡುವೆ ಹರಿದು ವೈರನ್ನು ಕಡ್ಡಿಯ ಹಾಗೆ ಗಟ್ಟಿ ಮಾಡುತ್ತದೆ. ಅದು ಮುಗಿಯುವ ಜಾಗದಿಂದ ವೈರ್ ಮತ್ತೆ ಮೆತ್ತಗೆ. ಸ್ಟಿಕ್ ಆಡಿದಾಗೆಲ್ಲ ಬಾಗುವುದು ಆ ಒಂದೇ ಗೆರೆಯಲ್ಲಿ. ಇದು 22 ಗೇಜಿನ ವಿಮಾನದ ವೈರ್, ತವರ ಲೇಪಿಸಿದ 19 ಎಳೆ. ಭಾವ ಸ್ಲೀವ್ ಸೀಳಿ ಕ್ಯಾಮೆರಾ ಹತ್ತಿರ ತಂದರು. ಹತ್ತೊಂಬತ್ತೂ ತುಂಡಾಗಿದ್ದವು, ತುದಿಗಳು ಒಂದಕ್ಕೊಂದು ಮುಖ ಕೊಟ್ಟು ನಿಂತಿದ್ದವು. ಸ್ಲೀವ್ ಬಿಗಿಯಾಗಿ ಹಿಡಿದದ್ದರಿಂದ ನೆಟ್ಟಗಿರುವಾಗ ತಾಗುತ್ತಿದ್ದವು ಅಷ್ಟೇ.

ನನಗೆ ಹೆದರಿಕೆ ಆದದ್ದು ಆಮೇಲೆ, ಅಂಗಡಿಗೆ ಹೋಗುವ ದಾರಿಯಲ್ಲಿ ಯೋಚಿಸುವಾಗ. ಇಳಿಯುವ ಹೊತ್ತಿಗೆ ವಿಮಾನ ನಿಧಾನ ಆಗುತ್ತದೆ. ನಿಧಾನ ಆದರೆ ಮೂತಿ ಕೆಳಗೆ ಹೋಗಲು ನೋಡುತ್ತದೆ, ಪೈಲಟ್ ಸ್ಟಿಕ್ ಎಳೆದು ಹಿಡಿಯುತ್ತಾನೆ, ಆ ಭಾರ ಇಳಿಸಲು ಮೂತಿ ಎತ್ತುವ ಬಟನ್ ಒತ್ತುತ್ತಾನೆ. ಬಟನ್ ಬೇಕಾಗುವುದೇ ಸ್ಟಿಕ್ ಹಿಂದೆ ಇರುವಾಗ, ವೈರ್ ಬಿಡುವುದೂ ಸ್ಟಿಕ್ ಹಿಂದೆ ಇರುವಾಗ. ಇನ್ನೂ ಕೆಟ್ಟದ್ದೊಂದಿದೆ. ಈ ಸರ್ಕಿಟಿನಲ್ಲಿ ಬಟನ್ ಮಾಡುವುದು ಅರ್ತ್. ತುಂಡಾದ ಒಂದು ಎಳೆ ಸ್ಲೀವಿನಿಂದ ಹೊರಗೆ ಇಣುಕಿ ಸ್ಟಿಕ್ಕಿನ ಕೊಳವೆಗೆ ತಾಗಿದ್ದರೆ, ಯಾರೂ ಒತ್ತದೆ ರಿಲೇ ಎಳೆದು, ಟ್ರಿಮ್ ತುದಿ ಮುಟ್ಟುವ ತನಕ ಓಡುತ್ತಿತ್ತು. ಸಂಜೆಯೇ ಭಾವನಿಗೆ ಫೋನ್ ಮಾಡಿದೆ. ಟ್ರಿಮ್‌ನ ಕರೆಂಟು ಕಡಿಯಲು ಅಂತಲೇ ಬೇರೆ ಒಂದು ಸ್ವಿಚ್, ಹೆಸರು ಬರೆದು, ಕತ್ತಲೆಯಲ್ಲೂ ಕೈಗೆ ಸಿಗುವ ಹಾಗೆ ಹಾಕಿ ಅಂದೆ. ಹಾಕಿದ್ದಾರೆ. ಕೆಂಪು ಬಣ್ಣದ ತಲೆಯದ್ದು.

ರಿಪೇರಿ ದೊಡ್ಡದೇನಲ್ಲ. ಬಾಗುವ ಜಾಗದಲ್ಲಿ ಜಾಯಿಂಟೇ ಇಲ್ಲದ ಹಾಗೆ ಗ್ರಿಪ್ಪಿನಿಂದ ಉದ್ದ ವೈರ್ ಎಳೆದರು. ಬುಡದಲ್ಲಿ ಕೈಬೆರಳು ತೂರುವಷ್ಟು ಸಡಿಲ ಸುತ್ತು ಬಿಟ್ಟರು. ಜಾಯಿಂಟನ್ನು ಸೀಟಿನ ಕೆಳಗಿನ ಅಲುಗಾಡದ ಜಾಗಕ್ಕೆ ಒಯ್ದು, ಸೋಲ್ಡರ್ ಬಿಟ್ಟು ಕ್ರಿಂಪ್ ಮಾಡಿ, ಅಂದರೆ ಲೋಹದ ಕೊಳವೆಯೊಳಗೆ ವೈರ್ ಇಟ್ಟು ಅದುಮಿ, ಎರಡೂ ಬದಿ ಕ್ಲ್ಯಾಂಪ್ ಹಾಕಿದರು. ಬಲ್ಬ್ ಸಿಕ್ಕಿಸಿ, ಬಟನ್ ಒತ್ತಿಯೇ ಸ್ಟಿಕ್ಕನ್ನು ನಾಲ್ಕೂ ಮೂಲೆಗೆ ನೂರು ಸಲ ತಿರುಗಿಸಿದರು. ಬೆಳಕು ಒಮ್ಮೆಯೂ ಅಲ್ಲಾಡಲಿಲ್ಲ. ಎಣಿಸಿದ್ದು ಅಕ್ಕ.

ಬಲಗಡೆಯ ಸ್ಟಿಕ್ಕಿನಲ್ಲಿ ಟ್ರಿಮ್ ಬಟನ್ ಇಲ್ಲ, ರೇಡಿಯೋದಲ್ಲಿ ಮಾತಾಡುವ ಬಟನ್ ಮಾತ್ರ. ಅದು ಒಂದು ದಿನವೂ ಕೈಕೊಟ್ಟದ್ದಿಲ್ಲ. ಅದನ್ನೂ ಬಿಚ್ಚಿ ಅಂತ ಅಕ್ಕ ಹಟ ಹಿಡಿದಳು. ಅಲ್ಲೂ ಅದೇ ಜಾಗದಲ್ಲಿ ಅಂಥದ್ದೇ ಜಾಯಿಂಟ್. 19ರಲ್ಲಿ 11 ಎಳೆ ಉಳಿದಿತ್ತು.